ಮನೆಗೊಬ್ಬಳು ನೆಟ್ಟಗಿರಬೇಕು

ಬಿಟಿಎಂ ಎರಡನೇ ಹಂತದ ಆ ಬಾಡಿಗೆ ಮನೆಯಲ್ಲಿ ನಾಲ್ಕು ಜನ. ಇಬ್ಬರಿಗೆ ಕಾಯಿಲೆ, ಒಬ್ಬರಿಗೆ ವಯಸ್ಸು. ಉಳಿದವಳು ದಾನಮ್ಮ. ಅವಳಿಗೆ ಏನೂ ಆಗಿರಲಿಲ್ಲವಾದ್ದರಿಂದ, ಆಫೀಸಿನಿಂದ ಬಂದ ಮೇಲೆ ಮನೆಕೆಲಸವೆಲ್ಲ ಅವಳದೇ.

ಗಂಡ ಸಿದ್ದಾರೂಢನಿಗೆ ಬರ್ನ್‌ಔಟ್. ಹಾಗೆಂದು ಅವನ ಕಂಪನಿಯವರೇ ವೆಲ್‌ನೆಸ್ ವಾರದಲ್ಲಿ ಹೇಳಿ, ಕೆಲಸ ಮಾತ್ರ ಕಡಿಮೆ ಮಾಡದೆ, ಒಂದು ಸುಗಂಧದ ಮೇಣದಬತ್ತಿ ಕೊಟ್ಟು ಕಳಿಸಿದ್ದರು. ಅಂದಿನಿಂದ ಅವನು ಆಫೀಸಿನಲ್ಲಿ ಎಲ್ಲದಕ್ಕೂ ಹೂಂ ಎಂದು, ಮನೆಯಲ್ಲಿ ಎಲ್ಲದಕ್ಕೂ ‘ಬೌಂಡರಿ’ ಹಾಕುತ್ತಿದ್ದ. ಗ್ಯಾಸ್ ಸಿಲಿಂಡರ್ ಬದಲಿಸುವುದು ಬೌಂಡರಿಯ ಆಚೆ, ಮಿರ್ಚಿ ಭಜಿ ಈಚೆ. ಪಿಯುಸಿ ಓದುವ ಮಗಳು ಪ್ರಿಯಾಂಕಾಗೆ ಎಡಿಎಚ್‌ಡಿ. ಒಂದಿಡೀ ಭಾನುವಾರ ಕಣ್ಣು ಕದಲಿಸದೆ ರೀಲ್ಸ್ ನೋಡಿ, ತನಗೆ ಗಮನ ನಿಲ್ಲುವುದಿಲ್ಲವೆಂದು ಅವಳೇ ಕಂಡುಹಿಡಿದಿದ್ದಳು.

“ಮಮ್ಮಿ, ನಂಗೆ ತಟ್ಟೆ ತೊಳಿ ಅನ್ಬೇಡ. ನಂದು ಎಕ್ಸಿಕ್ಯೂಟಿವ್ ಡಿಸ್‌ಫಂಕ್ಷನ್.”

“ನಮ್ಮ ಕಡೆ ಅದಕ್ಕ ಮೈಗಳ್ಳತನ ಅಂತಾರವಾ.”

“ನೋಡ್ದ್ಯಾ? ಇದೇ ಸ್ಟಿಗ್ಮಾ!”

ಸ್ಟಿಗ್ಮಾ ಎಂದ ಮೇಲೆ ಮುಗಿಯಿತಲ್ಲ. ದಾನಮ್ಮ ತಟ್ಟೆ ತೊಳೆದಳು.

ಅವಳ ಕಣ್ಣಿಗೆ ನಿದ್ದೆ ಹತ್ತದೆ ತಿಂಗಳುಗಳಾಗಿದ್ದವು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸ್ಕೂಟಿ ನಿಂತಾಗಲೆಲ್ಲ ಹೆಲ್ಮೆಟ್ಟಿನೊಳಗೆ ಸುಮ್ಮಸುಮ್ಮನೆ ಕಣ್ಣೀರು. ಅಲ್ಲಿ ಹಸಿರು ದೀಪ ಬೇಗ ಬರುವುದಿಲ್ಲವಾದ್ದರಿಂದ ಅಳುವುದಕ್ಕೆ ಒಳ್ಳೆಯ ಅನುಕೂಲವಿತ್ತು. ಆದರೆ ಹೋದ ವಾರ ಹಸಿರು ಬಂದರೂ ಅಳು ನಿಲ್ಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು, ಬೈದರು. ಗಾಡಿ ಮುಂದಕ್ಕೆ ಬಿಡಬೇಕೆಂಬುದೇ ಅವಳ ಕೈಗೆ ಮರೆತುಹೋಗಿತ್ತು. ಅವತ್ತು ಅವಳಿಗೆ ತನ್ನ ಬಗ್ಗೆ ತನಗೇ ಹೆದರಿಕೆಯಾಯಿತು. ಅತ್ತೆಯ ಎದುರಿಗೇ ಗಂಡನಿಗೆ ಹೇಳಿದಳು.

“ಇದನ್ನ ತಗೊಳ್ಳೋ ಬ್ಯಾಂಡ್‌ವಿಡ್ತ್ ನನಗ ಈಗ ಇಲ್ಲ ದಾನವ್ವ,” ಎಂದ ಸಿದ್ದಾರೂಢ. “ಮಂಗಳವಾರ ಫ್ಯಾಮಿಲಿ ಸೆಷನ್ ಐತಲ್ಲ, ಅಲ್ಲೇ ಹೇಳು.”

ಮಂಗಳವಾರ ಸಂಜೆ ಜಯನಗರದ ಥೆರಪಿಸ್ಟ್ ಭಾಗ್ಯಜ್ಯೋತಿಯ ಕೋಣೆಯಲ್ಲಿ ನಾಲ್ವರೂ ಕೂತರು. ಅತ್ತೆ ಹುಲಿಗೆವ್ವನನ್ನು ಮನೆಯಲ್ಲಿ ಒಬ್ಬಳೇ ಬಿಡಲಾಗದೆ ಕರೆತಂದದ್ದು. ಕೋಣೆಯ ತುಂಬ ಲೆಮನ್‌ಗ್ರಾಸ್ ಘಮ, ಟೀಪಾಯಿಯ ಮೇಲೆ ಟಿಶ್ಯೂ ಡಬ್ಬಿ. ಸಿದ್ದಾರೂಢ ತನ್ನ ಮ್ಯಾನೇಜರನ ಬಗ್ಗೆ ಹೇಳಿಕೊಂಡ. ಪ್ರಿಯಾಂಕಾ ತನ್ನ ಬಗ್ಗೆ ಹೇಳಿಕೊಂಡಳು. ದಾನಮ್ಮ ಬಾಯಿ ತೆರೆದಳು.

“ಮೇಡಂ, ನನಗ ಸಿಗ್ನಲ್‌ನ್ಯಾಗ…”

“ಒಂದ್ನಿಮಿಷ ದಾನಮ್ಮ, ಮೊದ್ಲು ಇವರ ಫೀಲಿಂಗ್ಸ್‌ಗೆ ಸ್ವಲ್ಪ ಜಾಗ ಕೊಡೋಣ, ಆಯ್ತಾ? ನೀವು ತುಂಬಾ ಸ್ಟ್ರಾಂಗ್. ನೀವೇ ಈ ಮನೆಯ ಸಪೋರ್ಟ್ ಸಿಸ್ಟಮ್.”

ಆಮೇಲೆ ಹೋಂವರ್ಕ್ ಹಂಚಿದರು. ಗಂಡನಿಗೆ ಯಾವ ಮಾತಿಗೆ ಸಿಟ್ಟು ಬರುತ್ತದೆಂದು ಗಮನಿಸಿ, ಅದನ್ನು ಆಡದಿರುವುದು. ಮಗಳ ಕೆಲಸವನ್ನು ಚೂರುಚೂರು ಮಾಡಿ ನೆನಪಿಸುವುದು. ಇಬ್ಬರಿಗೂ ದಿನಕ್ಕೊಂದು ಮೆಚ್ಚುಗೆಯ ಮಾತು.

“ಎಲ್ಲಾ ದಾನಮ್ಮನೋರು ನೋಡ್ಕೋತಾರೆ, ಅಲ್ವಾ?”

ದಾನಮ್ಮ ತಲೆಯಾಡಿಸಿದಳು. ಟಿಶ್ಯೂ ಡಬ್ಬಿಯತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅದನ್ನು ನೋಡಿದವಳು ಹುಲಿಗೆವ್ವ ಒಬ್ಬಳೇ.

ಹುಲಿಗೆವ್ವ ಕೊಪ್ಪಳದ ಕಡೆಯವಳು. ಸೊಸೆಯಾಗಿದ್ದ ಕಾಲದಲ್ಲಿ ಅವಳ ಮೈಯಲ್ಲಿ ಮಂಗಳವಾರಕ್ಕೊಮ್ಮೆ ದೇವಿ ಹುಲಿಗೆಮ್ಮ ಬರುತ್ತಿದ್ದಳು. ಆರು ದಿನ ಎತ್ತಿನಂತೆ ದುಡಿಸುತ್ತಿದ್ದ ಅತ್ತೆ ಏಳನೆಯ ದಿನ ಕಾಲಿಗೆ ಬಿದ್ದು, ಹಾಲು ಕೊಟ್ಟು ಮಲಗಿಸುತ್ತಿದ್ದಳು. ಬೆಂಗಳೂರಿಗೆ ಬಂದ ಮೇಲೆ ತಾಯಿ ಬರುವುದು ನಿಂತಿತ್ತು. ‘ಅವ್ವಾ, ಓನರ್ ಮನಿ ಖಾಲಿ ಮಾಡಸ್ತಾರ’ ಎಂದು ಮಗ ಹೇಳಿದ್ದ, ದೇವಿಗೂ ಅರ್ಥವಾಗಿರಬೇಕು.

ಈಗ ಆ ಕೋಣೆಯಲ್ಲಿ, ಎಲ್ಲಿಂದಲೋ ಎಂಬಂತೆ, “ಹೂಂ…” ಎಂಬ ಗುಡುಗು ಎದ್ದಿತು. ಮುದುಕಿಯ ತುರುಬು ಬಿಚ್ಚಿತು, ಕಣ್ಣು ಮೇಲೆ ಹೋಯಿತು.

“ಯಾವಾಂವಲೇ ನನ್ನ ಮುಂದ ಕುರ್ಚಿ ಮ್ಯಾಲ ಕುಂತಾಂವ?”

ಸೋಫಾದಿಂದ ಏಳುವುದಕ್ಕೇ ಶಕ್ತಿಯಿಲ್ಲವೆನ್ನುತ್ತಿದ್ದ ಸಿದ್ದಾರೂಢ ಕಣ್ಣು ಮುಚ್ಚಿ ತೆರೆಯುವುದರೊಳಗೆ ನೆಲದ ಮೇಲಿದ್ದ. “ಉಧೋ ತಾಯಿ! ತಪ್ಪಾತು!”

ಪ್ರಿಯಾಂಕಾ ಫೋನ್ ಎತ್ತಿದಳು. “ಇಳಸು ಅದನ್ನ!” ಎಂದು ಮುದುಕಿ ಗದರಿದಳು. ಇಳಿಯಿತು.

ಭಾಗ್ಯಜ್ಯೋತಿ ಕಲಿತದ್ದನ್ನು ನೆನಪಿಸಿಕೊಂಡರು. “ಅಮ್ಮ, ಉಸಿರು ಎಳ್ಕೊಳ್ಳಿ. ನಿಮಗೆ ಸುತ್ತ ಕಾಣೋ ಐದು ವಸ್ತುಗಳ ಹೆಸರು ಹೇಳಿ, ನೋಡೋಣ.”

“ಐದು ಹೇಳ್ಲೇನು? ಒಂದು, ಇಂವ, ರೊಟ್ಟಿ ತಿನ್ನಾಂವ. ಎರಡು, ಇಕಿ, ಫೋನ್ ತಿನ್ನಾಕಿ. ಮೂರು, ನೀನು, ರೊಕ್ಕ ತಿನ್ನಾಕಿ. ನಾಕು, ಈ ಮುದುಕಿ, ಕುಂತಲ್ಲೇ ತಿನ್ನಾಕಿ. ಐದು, ಈ ಕೂಸು ದಾನವ್ವ. ಇದನ್ನ ನೀವು ನಾಕೂ ಮಂದಿ ಕೂಡಿ ತಿನ್ನಾಕತ್ತೀರಿ!”

ಮುದುಕಿ ನೆಲದ ಮೇಲಿದ್ದ ಮಗನತ್ತ ತಿರುಗಿದಳು.

“ಕೂಸು ಸಿಗ್ನಲ್‌ನ್ಯಾಗ ನಿಂತು ಅಳತೈತಿ. ಲಾರಿ ಕೆಳಗ ಹೋಗೂತನಕ ಕಾಯ್ತಿಯೇನಲೇ? ಬೇವಿನ ತೊಪ್ಪಲದಾಗ ಹೋಗೂದಲ್ಲ ಇದು, ಡಾಕ್ಟರಗ ತೋರಸು. ಅಲ್ಲೀತನಕ ಒಲಿ ನಿಂದು. ಮಾಡ್ತೀಯೋ ಇಲ್ಲೋ?”

“ಮಾಡ್ತೀನಿ ತಾಯಿ, ಮಾಡ್ತೀನಿ!” ಬ್ಯಾಂಡ್‌ವಿಡ್ತ್ ಎಲ್ಲಿಂದ ಬಂತೋ, ಆ ಹುಲಿಗೆಮ್ಮನಿಗೇ ಗೊತ್ತು.

ಭಾಗ್ಯಜ್ಯೋತಿ ತಮ್ಮ ಕುರ್ಚಿ ಬಿಟ್ಟು ಬಂದು ದಾನಮ್ಮನ ಪಕ್ಕ ಕೂತರು. ಕೇಳುವ ದನಿ ಈಗ ಕಲಿತದ್ದರಂತಿರಲಿಲ್ಲ. “ನೀವು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

ದಾನಮ್ಮ ಲೆಕ್ಕ ಹಾಕಲು ಹೋದಳು. ಲೆಕ್ಕ ಸಿಗಲಿಲ್ಲ, ಅಳು ಸಿಕ್ಕಿತು. ಇಲ್ಲಿ ಹಾರ್ನ್ ಹೊಡೆಯುವವರು ಯಾರೂ ಇರಲಿಲ್ಲ. ಟಿಶ್ಯೂ ಡಬ್ಬಿ ಖಾಲಿಯಾಯಿತು.

“ಇದು ಡಿಪ್ರೆಶನ್ ಇರಬಹುದು. ನಾಳೇನೇ ಸೈಕಿಯಾಟ್ರಿಸ್ಟ್‌ನ ನೋಡಿ, ನಾನೇ ಫೋನ್ ಮಾಡ್ತೀನಿ. ನಾನು ಮೊದಲೇ ಕೇಳಬೇಕಿತ್ತು,” ಎಂದರು ಭಾಗ್ಯಜ್ಯೋತಿ. ತನಗೂ ಒಂದು ಹೆಸರು ಸಿಕ್ಕಿತಲ್ಲ ಎಂದು ದಾನಮ್ಮನಿಗೆ ನಾಚಿಕೆಗೆಟ್ಟ ಸಮಾಧಾನವಾಯಿತು.

ಹೊರಡುವಾಗ ಭಾಗ್ಯಜ್ಯೋತಿ ಮುದುಕಿಯನ್ನು ಬಾಗಿಲ ಮರೆಗೆ ಕರೆದು ಪಿಸುಗುಟ್ಟಿದರು. “ಅಮ್ಮ, ಸಾರಕ್ಕೀಲಿ ನಮ್ಮದೊಂದು ಸೈಟಿದೆ, ಕೇಸ್ ನಡೀತಾ ಇದೆ. ಯಾವಾಗ ಕ್ಲಿಯರ್ ಆಗತ್ತೆ, ಸ್ವಲ್ಪ ಕೇಳ್ತೀರಾ?”

ಹುಲಿಗೆವ್ವ ತುರುಬು ಕಟ್ಟಿಕೊಳ್ಳುತ್ತ ಗೋಡೆಯ ಗಡಿಯಾರ ನೋಡಿದಳು. “ತಾಯಿ ಹೋದ್ಲು ಮೇಡಂ. ಟೈಮ್ ಮುಗೀತಲ್ಲ.”

ಮನೆಗೆ ಬಂದು ದಾನಮ್ಮ ಮಲಗಿದಳು. ಅಡುಗೆಮನೆಯಿಂದ ಪಾತ್ರೆ ಬಡಿಯುವ ಸದ್ದು ಬರುತ್ತಿತ್ತು, ಯಾವುದೋ ಹಳೆಯ ದ್ವೇಷ ತೀರಿಸಿಕೊಂಡಂತೆ. ಅತ್ತೆ ಹೊದಿಕೆ ಎಳೆದಳು.

“ಅತ್ತೀ, ಖರೇನ ಬಂದಿದ್ಲೇನು ಆಕಿ?”

“ಬಂದಿದ್ರ ನನಗೇನ ಗೊತ್ತಿರತೈತಿ? ನೀ ಮಕ್ಕೋ.”

“ದಾನವ್ವಾ,” ಒಳಗಿನಿಂದ ಸಿದ್ದಾರೂಢ ಕೂಗಿದ, “ಹಿಟ್ಟಿಗೆ ನೀರು ಎಷ್ಟು ಹಾಕ್ಲಿ?”

ದಾನಮ್ಮ ಬಾಯಿ ತೆರೆದಳು, ಅಭ್ಯಾಸಬಲ. ಅಷ್ಟರಲ್ಲಿ ಹುಲಿಗೆವ್ವ ಗಂಟಲೊಳಗೇ, ಸಣ್ಣದಾಗಿ, “ಹೂಂ…” ಎಂದಳು.

ಅಡುಗೆಮನೆ ತೆಪ್ಪಗಾಯಿತು.