ದೇವೀರಮ್ಮನ ಮುಗಿಯದ ಸೂತಕ

ಕರೆದ ಮನೆಗೆ ಹೋಗದಿರುವುದು, ಕರೆಯದ ಮನೆಗೆ ತಪ್ಪದೆ ಹೋಗುವುದು: ಇದು ದೇವೀರಮ್ಮನ ಮುಖ್ಯ ಲಕ್ಷಣ. ಅರಸೀಕೆರೆಯ ಬಸ್ ನಿಲ್ದಾಣದಲ್ಲಿ, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಕಂಕುಳಲ್ಲಿ ಬಟ್ಟೆಯ ಚೀಲವೊಂದನ್ನು ಇರುಕಿಕೊಂಡು, ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತ ನಿಂತ ಈ ಹೆಂಗಸನ್ನು ಕಂಡವರು ಯಾವುದೋ ತೋಟದ ಕೂಲಿಗೆ ಹೊರಟಿದ್ದಾಳೆ ಎಂದುಕೊಳ್ಳುತ್ತಿದ್ದರು. ಆಕೆ ಹೊರಟಿರುತ್ತಿದ್ದದ್ದು ಯಾರದೋ ಮನೆಯ ಶುಭಕಾರ್ಯವನ್ನು ಕೆಡಿಸುವುದಕ್ಕೆ. ಹಾಗೆಂದು ಆಕೆಯೇ ಹೇಳುತ್ತಿದ್ದಳು, ಕಂಡಕ್ಟರು ಕೇಳಿದರೂ ಮುಚ್ಚುಮರೆಯಿಲ್ಲದೆ.

ಎತ್ತರದ ಆಳು. ಎದುರುಗಾಳಿಯಲ್ಲಿ ಹೊರಟವಳಂತೆ ಕೊಂಚ ಮುಂದಕ್ಕೆ ಬಾಗಿ ನಡೆಯುವ ಆಕೆಯ ಜೊತೆಗೆ ಹೋದವರು ಓಡಬೇಕಾಗುತ್ತಿತ್ತು. ಆ ಅಂಗಿಯ ವಿಷಯದಲ್ಲಿ ನಮ್ಮಲ್ಲಿ ನಾನಾ ಊಹೆಗಳಿದ್ದವು. ದೇವರಿಗೆ ಬಿಟ್ಟಾಗ ಕಾಸಿ ಒತ್ತಿದ ಶಂಖಚಕ್ರಗಳ ಕಲೆ ಎರಡು ಭುಜಗಳ ಮೇಲೂ ಇದೆ, ಅದನ್ನು ಮರೆಮಾಡಲೆಂದೇ ಈ ವೇಷ ಎಂಬುದು ಶಾಂತಾದೇವಿಯವರ ಮತ. ಶಾಂತಾದೇವಿಯವರು ನಿವೃತ್ತ ಉಪಾಧ್ಯಾಯಿನಿ. ಅರಸೀಕೆರೆಯ ತಮ್ಮ ಮನೆಯಲ್ಲಿಯೇ ಹೆಂಗಸರ ಸಂಘವೊಂದನ್ನು ನಡೆಸುತ್ತಿದ್ದರು. ಕಾಲೇಜಿನ ಪಾಠ ಮುಗಿಸಿ ಸಂಜೆ ಅಲ್ಲಿಗೆ ಹೋಗಿ ಅಷ್ಟಿಷ್ಟು ಓಡಾಟದ ಕೆಲಸ ಮಾಡಿಕೊಡುತ್ತಿದ್ದ ನಾನು, ಒಂದು ದಿನ ಧೈರ್ಯ ಮಾಡಿ ಅಂಗಿಯ ಗುಟ್ಟನ್ನು ಕೇಳಿಯೇ ಬಿಟ್ಟೆ.

"ಸೀರೆಗೆ ಜೇಬೈತಾ ಮೇಷ್ಟ್ರೆ?" ಎಂದಳು ದೇವೀರಮ್ಮ. ಜೇಬಿನಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ ಮತ್ತು ಹೋದ ಹೋದ ಮನೆಗಳ ಮಕ್ಕಳಿಗೆಂದು ಪೆಪ್ಪರಮಿಂಟುಗಳಿದ್ದವು.

ಆಕೆಯ ಇನ್ನೊಂದು ಅಭ್ಯಾಸ ಹೊಸಬರಿಗೆ ಒರಟಾಗಿ ಕಾಣುತ್ತಿತ್ತು. ಸಂಘಕ್ಕೆ ಬಂದ ಹೆಂಗಸೊಬ್ಬಳು ತನ್ನ ಬಾಳಿನ ಗೋಳನ್ನೆಲ್ಲ ತೋಡಿಕೊಂಡು ಬಿಕ್ಕಿ ಬಿಕ್ಕಿ ಅತ್ತರೆ, ನಾವೆಲ್ಲ ತಲೆ ತಗ್ಗಿಸಿ ಕುಳಿತಿರುವಾಗ, ದೇವೀರಮ್ಮ ಕೊನೆಯತನಕ ಕೇಳಿ, ಒಂದು ಲೋಟ ನೀರು ಕೊಟ್ಟು, "ಅದ್ ಸರಿ, ಮುಂದ್ಕೆ?" ಎನ್ನುವಳು. ಕಲ್ಲೆದೆಯವಳು ಎಂದು ಕೆಲವರು ಬೇಸರಪಟ್ಟದ್ದುಂಟು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸದಲ್ಲಿ ಅಳುವವಳ ಅಳು ನಿಲ್ಲುತ್ತಿದ್ದುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಗಂಡಸಿಯ ಆಚೆಗಿನ ಒಂದು ಹಟ್ಟಿ ಆಕೆಯ ಹುಟ್ಟೂರು. ತಂದೆಗೆ ಗಂಡುಸಂತಾನವಿರಲಿಲ್ಲ. ಅಂಥ ಮನೆಯವರು ಒಬ್ಬ ಮಗಳಿಗೆ ಹಟ್ಟಿಯ ದೇವರು ರಂಗಪ್ಪನ ಹೆಸರಿನಲ್ಲಿ ತಾಳಿ ಕಟ್ಟಿಸಿ, ಬಸವಿ ಬಿಟ್ಟು, ಮನೆಯಲ್ಲೇ ಉಳಿಸಿಕೊಳ್ಳುವುದು ಅಲ್ಲಿನ ಹಳೆಯ ಕಟ್ಟಳೆ. ಬಸವಿಯೆಂದರೆ ಮನೆಯ ಗಂಡುಮಗನಿದ್ದಂತೆ. ಹೊಲ, ಮನೆ ಅವಳಿಗೆ. ತಂದೆಯ ಚಿತೆಗೆ ಬೆಂಕಿ ಇಡುವವಳೂ ಅವಳೇ. ದೇವರಿಗೆ ಸಾವಿಲ್ಲವಾದ್ದರಿಂದ ಅವಳಿಗೆ ವೈಧವ್ಯವೂ ಇಲ್ಲ, ಅವಳು ನಿತ್ಯಮುತ್ತೈದೆ. ಸುತ್ತಣ ಹಟ್ಟಿಗಳಲ್ಲಿ ಯಾರ ಮದುವೆಯಾದರೂ ಮದುಮಗಳ ತಾಳಿಗೆ ಕರಿಮಣಿ ಪೋಣಿಸಲು ಮೊದಲ ಕರೆ ಅವಳಿಗೇ. ಇಷ್ಟೆಲ್ಲ ಮರ್ಯಾದೆಯ ಜೊತೆಗೆ ಇನ್ನೊಂದು ಸಂಗತಿಯೂ ಇತ್ತು; ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದೇವರನ್ನು ಕಟ್ಟಿಕೊಂಡವಳ ಮನೆಯ ಜಗುಲಿಗೆ ಊರಿನ ದೊಡ್ಡ ಮನುಷ್ಯರು ಯಾವಾಗ ಬೇಕಾದರೂ ಬರಬಹುದಾಗಿತ್ತು. ಬಂದವರನ್ನು ಹೋಗು ಎನ್ನುವ ಅಧಿಕಾರ ಈ ಗಂಡುಮಗನಿಗೆ ಇರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ತಾಳಿ ಬಿದ್ದ ದೇವೀರಮ್ಮ ಇಪ್ಪತ್ತೈದು ವರ್ಷಕ್ಕೂ ಮೀರಿ ಆ ಜಗುಲಿಯ ಮನೆಯಲ್ಲಿ ಬಾಳಿದಳು. ಆ ವರ್ಷಗಳ ಬಗ್ಗೆ ಆಕೆ ನನ್ನ ಮುಂದೆ ಒಂದೇ ಮಾತು ಹೇಳಿದ್ದು: "ಬಾಗ್ಲಿಗೆ ಒಳಗಡೆ ಅಗಳಿ ಇರ್ಲಿಲ್ಲ ಕಣ್ ಮೇಷ್ಟ್ರೆ, ಅಪ್ಪ ಮಡಗ್ಸಿರ್ಲಿಲ್ಲ."

ತೊಂಬತ್ತರ ದಶಕದ ಆರಂಭದಲ್ಲಿ ಆಕೆಯ ಚಿಕ್ಕಪ್ಪನ ಮಗ ಸಣ್ಣಯ್ಯ ತನ್ನ ಒಬ್ಬಳೇ ಮಗಳು ಆಶಾರಾಣಿಯನ್ನು ಬಸವಿ ಬಿಡಲು ನಿಶ್ಚಯಿಸಿದ. ಹುಡುಗಿ ಆಗ ಏಳನೆಯ ತರಗತಿ. ಸಣ್ಣಯ್ಯ ಕೆಟ್ಟವನಲ್ಲ, ಮಗಳು ಕಣ್ಣೆದುರಿಗೇ ಇರಲಿ ಎಂಬ ಆಸೆ ಅವನದು, ಆ ಆಸೆಗೆ ಅವನಿಗೆ ಗೊತ್ತಿದ್ದ ದಾರಿ ಅದೊಂದೇ. ಹೊಸ ಬಸವಿಗೆ ಹಳೆಯ ಬಸವಿಯ ಕೈಯಿಂದಲೇ ತಾಳಿ ಬೀಳಬೇಕು. ದೇವೀರಮ್ಮನಿಗೆ ಕಟ್ಟಿದ ಬಸಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಸುತ್ತಿನಲ್ಲಿ ಉಳಿದವಳು ದೇವೀರಮ್ಮ ಒಬ್ಬಳೇ.

ಮೊದಲು ಆಕೆ ನೇರವಾಗಿ ಒಲ್ಲೆ ಎಂದಳು. ಗುಡಿಯ ದಾಸಯ್ಯ ಬೋರಯ್ಯ, ಅಂದರೆ ಶಂಖ ಜಾಗಟೆ ಹಿಡಿದು ಪೂಜೆ ನಡೆಸುವವನು, ಹಾಗಾದರೆ ಕಡೂರಿನ ಕಡೆಯಿಂದ ಬೇರೊಬ್ಬಳನ್ನು ಕರೆಸುತ್ತೇನೆ ಎಂದ. ಅರಸೀಕೆರೆಗೆ ಬಂದು ಶಾಂತಾದೇವಿಯವರನ್ನು ಆಕೆ ಮೊದಲ ಬಾರಿ ಕಂಡದ್ದು ಆಗಲೇ. ಹುಡುಗಿಯರನ್ನು ದೇವರಿಗೆ ಬಿಡಬಾರದೆಂಬ ಕಾನೂನು ಬಂದು ಹತ್ತು ವರ್ಷವಾಯಿತು, ಪೊಲೀಸರಿಗೆ ಹೇಳೋಣ ಎಂದರು ಅವರು. "ಪೋಲೀಸ್ರು ಬಂದ್ರೆ ಅವತ್ತು ನಿಲ್ತದೆ ಕಣ್ರವ್ವ. ಅವರ ಜೀಪು ಗಂಡಸಿ ದಾಟೋದ್ರೊಳಗೆ ಒಲೆ ಮುಂದೆ ಕೂರ್ಸಿ ತಾಳಿ ಕಟ್ತಾರೆ," ಎಂದು ದೇವೀರಮ್ಮ ಎದ್ದು ಹೋದಳು. ಹಟ್ಟಿಗೆ ಮರಳಿ, ತಾನೇ ಬಂದು ಕಟ್ಟುವುದಾಗಿ ಹೇಳಿಕಳುಹಿಸಿದಳು. ಸಣ್ಣಯ್ಯನಿಗೆ ಹೋದ ಜೀವ ಬಂದಂತಾಯಿತು.

ಆ ದಿನ ಎರಡು ಕೈತುಂಬ ಬಳೆ ತೊಟ್ಟು, ತಲೆತುಂಬ ಹೂ ಮುಡಿದು, ಕಾಸಗಲ ಕುಂಕುಮವಿಟ್ಟು ದೇವೀರಮ್ಮ ಗುಡಿಗೆ ಬಂದಳು. ಹೊಸ ಸೀರೆಯುಟ್ಟ ಆಶಾರಾಣಿ ಮಣೆಯ ಮೇಲೆ ಕುಳಿತಿದ್ದಳು. ಬೋರಯ್ಯ ಅರಿಶಿನ ಹಚ್ಚಿದ ತಾಳಿಯ ತಟ್ಟೆಯನ್ನು ಮುಂದೆ ಹಿಡಿದ. ದೇವೀರಮ್ಮ ತಟ್ಟೆಯನ್ನು ಮುಟ್ಟಲಿಲ್ಲ. ಗುಡಿಯ ಹೊಸ್ತಿಲಿನ ಮುಂದೆ ಕುಕ್ಕರಿಸಿ ಎರಡು ಕೈಯನ್ನೂ ಕಲ್ಲಿಗೆ ಬಡಿದಳು, ಬಳೆಗಳು ಪುಡಿಪುಡಿಯಾದವು. ಕೊರಳಿನ ಕರಿಮಣಿಯನ್ನು ಕಿತ್ತಳು, ಹಣೆಯನ್ನು ಸೆರಗಿನಿಂದ ಒರೆಸಿದಳು, ಆಮೇಲೆ ಇಡೀ ಹಟ್ಟಿಗೆ ಕೇಳುವ ಹಾಗೆ ದನಿ ತೆಗೆದು, "ಅಯ್ಯೋ, ನನ್ ಗಂಡ ಸತ್ತೋದ್ನಲ್ಲಪ್ಪೋ" ಎಂದು ಎದೆ ಬಡಿದುಕೊಂಡು ಅತ್ತಳು.

"ಬಾಯಿ ಮುಚ್ಚೇ, ದೇವ್ರು ಎಲ್ಲಾದ್ರೂ ಸಾಯ್ತಾನಾ?" ಎಂದು ಬೋರಯ್ಯ ಹೌಹಾರಿದ.

"ದೇವ್ರು ಸಾಯಾಕಿಲ್ಲ, ಗಂಡ ಆದೋನು ಸಾಯ್ತಾನೆ. ಹನ್ನೆರ್ಡು ವರ್ಸದೋಳ್ನ ಕೂರ್ಸ್ಕೊಂಡು ಇವನೇ ನಿನ್ ಗಂಡ ಅಂತ ಹೇಳ್ದೋರು ನೀವು. ಈಗ ಸತ್ತ ಅಂತ ಹೆಂಡ್ತಿ ನಾನ್ ಹೇಳ್ತಾ ಇವ್ನಿ. ಸೂತಕ ಐತೆ, ಶಂಖ ಕೆಳಗಿಡು!"

ಜನ ನಕ್ಕುಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ನಗಲಿಲ್ಲ. ನಿತ್ಯಮುತ್ತೈದೆಯೊಬ್ಬಳು ಬಳೆ ಒಡೆದುಕೊಂಡದ್ದನ್ನು ಅಲ್ಲಿದ್ದವರಾರೂ ಹಿಂದೆ ಕಂಡಿರಲಿಲ್ಲ. ಅದಕ್ಕೆ ಏನು ಮಾಡಬೇಕೆಂಬ ಕಟ್ಟಳೆಯೂ ಯಾರಿಗೂ ಗೊತ್ತಿರಲಿಲ್ಲ. ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಸೂತಕದ ಜಾಗದಲ್ಲಿ ನಿಲ್ಲಬಾರದೆಂದು ಗೊಣಗುತ್ತ ತಾನು ತಂದಿದ್ದ ಹಣ್ಣುಕಾಯಿಯ ತಟ್ಟೆಯನ್ನು ಎತ್ತಿಕೊಂಡು ಹೊರಟಳು. ಅವಳ ಹಿಂದೆ ಇನ್ನೊಬ್ಬಳು ಹೊರಟಳು. ಮಧ್ಯಾಹ್ನದ ಹೊತ್ತಿಗೆ ಮಾಡಿದ ಅಡುಗೆಯನ್ನು ಮಣ್ಣುಪಾಲು ಮಾಡಿದ್ದರು. ಆಶಾರಾಣಿ ಮಾತ್ರ ಹೊಸ ಸೀರೆಯಲ್ಲಿ ಕುಳಿತು, ಅತ್ತೆ ನನ್ನ ಹಬ್ಬ ಕೆಡಿಸಿದಳೆಂದು ಗೋಳೋ ಎಂದು ಅಳುತ್ತಿದ್ದಳು.

ಬೋರಯ್ಯ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಹನ್ನೊಂದನೆಯ ದಿನ ತಿಥಿ ಮಾಡಿದರೆ ಸೂತಕ ಕಳೆಯಿತು, ಆಮೇಲೆ ಕಾರ್ಯ ನಡೆಸಬಹುದು ಎಂದು ಲೆಕ್ಕ ಹಾಕಿ ಬಂದ. ಸತ್ತವನ ಕಡೆಯವರು ಯಾರು? ಹೆಂಡತಿ ಒಬ್ಬಳೇ. ಅವಳು ಮಾಡದೆ ಮತ್ತಾರು ಮಾಡಿದರೂ ಸಲ್ಲದು. "ನಾ ಮಾಡಾಕಿಲ್ಲ" ಎಂದಳು ದೇವೀರಮ್ಮ. ಅಲ್ಲಿಗೆ, ಸೂತಕವೆಂದು ರಂಗಪ್ಪನ ಗುಡಿಗೆ ಬಿದ್ದ ಬೀಗ ಹಾಗೆಯೇ ಉಳಿಯಿತು. ಶಂಖ ಜಾಗಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು.

ಗೆದ್ದದ್ದಕ್ಕೆ ಆಕೆ ತೆತ್ತ ದಂಡ ಸಣ್ಣದಲ್ಲ. ಮುತ್ತೈದೆಯಲ್ಲದವಳು ಬಸವಿಯಲ್ಲ, ಬಸವಿಯಲ್ಲದವಳು ಗಂಡುಮಗನಲ್ಲ. ಅಪ್ಪನ ಮನೆ, ಹೊಲ, ತೆಂಗಿನ ಮರಗಳೆಲ್ಲ ಸಣ್ಣಯ್ಯನ ಪಾಲಾದವು. ವ್ಯಾಜ್ಯ ಹೂಡಿ, ಮಗಳಿಗೂ ಹಕ್ಕಿದೆ ಎಂದು ಶಾಂತಾದೇವಿಯವರು ಎಷ್ಟೋ ಹೇಳಿದರು. ಆಕೆ ಕೇಳಲಿಲ್ಲ. ಸಣ್ಣಯ್ಯನ ಮುಂದೆ ಒಂದೇ ಷರತ್ತು ಇಟ್ಟಳು: ಮನೆ ನೀನಿಟ್ಟುಕೋ, ಹುಡುಗಿಯನ್ನು ಹಾಸ್ಟೆಲಿಗೆ ಕಳಿಸು. ಅವನು ಕಳಿಸಿದ. ದೇವೀರಮ್ಮ ಸಂಘದ ಹಿಂದಿನ ಬಾಡಿಗೆ ಕೋಣೆಗೆ ಬಂದು ಸೇರಿದಳು.

ಅಲ್ಲಿಂದ ಮುಂದೆ ಆಕೆಯ ಕಸುಬು ಶುರುವಾಯಿತು. ಬರಿಯ ಹಣೆಯ ಹೆಂಗಸು ಎದುರಾದರೆ ಶುಭಕಾರ್ಯ ಕೆಡುತ್ತದೆ ಎಂದು ನಂಬುವ ಜನವಷ್ಟೆ? ಆ ನಂಬಿಕೆಯನ್ನೇ ಆಕೆ ಊರುಗೋಲು ಮಾಡಿಕೊಂಡಳು. ಅರೇಹಳ್ಳಿಯ ಆಚೆಯೋ ಹಳೇಬೀಡಿನ ಸುತ್ತಿನಲ್ಲೋ ಯಾವುದಾದರೂ ಮನೆಯಲ್ಲಿ ಹುಡುಗಿಯನ್ನು ಬಿಡುವ ಮಾತು ನಡೆದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಮೊದಲ ಬಸ್ಸಿಗೆ ಹೋಗಿ ಅವರ ಜಗುಲಿಯ ಮೇಲೆ ಕೂರುವಳು. ಬೈದರೆ ಎಲೆ ಮಡಿಸುವಳು. ಕಾರ್ಯ ಮುಂದಕ್ಕೆ ಹೋಗುತ್ತಿತ್ತು; ಆ ಬಿಡುವಿನಲ್ಲಿ ಅಡುಗೆಮನೆಗೆ ನುಸುಳಿ, ಅವರೆಕಾಯಿ ಬಿಡಿಸುತ್ತ, ಹುಡುಗಿಯ ತಾಯಿಯೊಡನೆ ಮಾತಿಗೆ ಕೂರುತ್ತಿದ್ದಳು. ಒಂದು ಸಲ ನಾನೂ ಜೊತೆಗಿದ್ದೆ. ಬೇಲೂರಿನಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಇಷ್ಟು ಸಲ ಬಂದಿದ್ದೀರಲ್ಲ, ಗುಡಿಯ ಶಿಲ್ಪಗಳನ್ನು ನೋಡಿದ್ದೀರಾ ಎಂದೆ. "ಕಲ್ನೋರು ಎಲ್ಲಿಗೂ ಹೋಗಾಕಿಲ್ಲ ಕಣ್ ಮೇಷ್ಟ್ರೆ, ಇನ್ನೊಂದ್ ದಪ ನೋಡಿದ್ರಾಯ್ತು. ಅರೇಹಳ್ಳಿ ಬಸ್ ಹೊಂಟೋಯ್ತದೆ," ಎನ್ನುತ್ತ ಓಡಿದಳು. ಎಲ್ಲ ಕಡೆಯೂ ಗೆದ್ದಳೆಂದಲ್ಲ. ಬೇಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಕೆ ತಲುಪುವುದರೊಳಗೆ ಎಲ್ಲವೂ ಮುಗಿದಿತ್ತು. ಆ ಹುಡುಗಿಯನ್ನು ಮುಂದೆ ಸಂಘಕ್ಕೆ ಕರೆತರಲು ನಾಲ್ಕು ವರ್ಷ ಹಿಡಿಯಿತು. ಸರ್ಕಾರದ ಸಭೆಯೊಂದರಲ್ಲಿ ಅಧಿಕಾರಿಯೊಬ್ಬರು ಹೀಗೆ ಹೊರಬಂದ ಬಸವಿಯರನ್ನೆಲ್ಲ 'ಮಾಜಿಗಳು' ಎಂದು ಸಂಬೋಧಿಸಿದಾಗ, "ಎಮ್ಮೆಲ್ಲೆಗಳಂಗಾ ಸ್ವಾಮಿ? ಹಂಗಾರೆ ಪಿಂಚಣಿ ಕೊಡಿ" ಎಂದು ಕೇಳಿ, ಆ ಅಧಿಕಾರಿಯನ್ನೂ ನಗಿಸಿದ್ದಳು.

ಎರಡು ಸಾವಿರದ ಐದರ ಸುಮಾರಿಗೆ, ದೇವೀರಮ್ಮನ ಮಂಡಿನೋವು ಹೆಚ್ಚಿ ಬಸ್ಸು ಹತ್ತುವುದೇ ಕಷ್ಟವಾಗಿದ್ದ ಕಾಲದಲ್ಲಿ, ಸಣ್ಣಯ್ಯ ಆಕೆಯ ಕೋಣೆಗೆ ಬಂದ. ಜೊತೆಗೆ ಆಶಾರಾಣಿಯೂ ಇದ್ದಳು. ಅವಳು ಓದು ಮುಗಿಸಿ, ಹಳೇಬೀಡಿನ ಹತ್ತಿರದ ಹುಲಿಕೆರೆಗೆ ಮದುವೆಯಾಗಿ ಹೋಗಿ, ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕಂಕುಳಲ್ಲಿ ಹೆಣ್ಣುಮಗು. ಅಲ್ಲೇ ಕುಳಿತಿದ್ದ ನಾನು ಏಳಲು ಹೋದರೆ ದೇವೀರಮ್ಮ ಕೂರುವಂತೆ ಸನ್ನೆ ಮಾಡಿದಳು.

"ಗುಡಿ ಬಾಗ್ಲು ತೆಗ್ದು ಒಂದು ಕಾಲ ಆಯ್ತು ಕಣಕ್ಕ," ಎಂದ ಸಣ್ಣಯ್ಯ. "ಹಟ್ಟೀಲಿ ಒಂದು ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ. ಬಂದು ಆ ತಿಥಿ ಒಂದು ಮಾಡ್ಬುಡು. ಮನೆ ನಿಂದೇ, ತೆಂಗಿನ ಮರಾನೂ ನಿಂದೇ. ಬಂದು ಇದ್ಬುಡಕ್ಕ."

ದೇವೀರಮ್ಮ ಜೇಬಿನಿಂದ ಎಲೆ ತೆಗೆದು ಸುಣ್ಣ ಹಚ್ಚಿದಳು. ಆಮೇಲೆ, "ಮನೆ ಸೋರ್ತದಾ?" ಎಂದು ಕೇಳಿದಳು. ಹೊಸ ಹೆಂಚು ಹಾಕಿಸಿದ್ದೇನೆ ಎಂದ. "ಹಿತ್ಲು ಹೊಂಗೆ ಮರ?" ಇದೆ ಎಂದ. ಆಕೆಯ ಕಣ್ಣು ತುಂಬಿತು. ಬಾಗಿಲಿಗೆ ಅಗಳಿಯಿಲ್ಲದ ಆ ಮನೆಯನ್ನು ಆಕೆ ಇಷ್ಟು ಪ್ರೀತಿಸುತ್ತಿದ್ದಳೆಂದು ನಾನು ಎಣಿಸಿರಲಿಲ್ಲ. ಕಣ್ಣೊರೆಸಿಕೊಂಡು ಇನ್ನೊಂದು ಪ್ರಶ್ನೆ ಕೇಳಿದಳು.

"ಗುಡಿ ಪಕ್ಕದ ಮನೆ ಗಂಗಯ್ಯನಿಗೆ ಬರೀ ಹೆಣ್ಮಕ್ಳೇ ಅಲ್ವಾ? ದೊಡ್ಡೋಳಿಗೆ ಏಸು ವರ್ಸ ಈಗ?"

ಸಣ್ಣಯ್ಯ ನೆಲ ನೋಡಿದ. "ಯಾರ್ನೂ ಬಿಡಾಕಿಲ್ಲ ಅಂತ ಬೋರಯ್ಯ ಹೇಳವ್ನೆ."

"ಏಸು ವರ್ಸ ಅಂದೆ ಕಣ್ಲಾ."

"ಹನ್ನೊಂದು."

"ಹಂಗಾರೆ ಆಗಾಕಿಲ್ಲ," ಎಂದಳು ದೇವೀರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ.

ಆಶಾರಾಣಿಗೆ ತಾಳ್ಮೆ ತಪ್ಪಿತು. "ನಿಂಗೂ ವಯಸ್ಸಾಯ್ತು ಅತ್ತೆ, ಈ ಕೋಣೆಯಲ್ಲಿ ಒಬ್ಳೇ ಎಷ್ಟು ದಿನ ಇರ್ತೀಯ? ಯಾವ ಕಾಲದ್ದೋ ಹಟ ಇದು. ಅಷ್ಟಕ್ಕೂ ಅವತ್ತು ನಂಗೆ ತಾಳಿ ಕಟ್ಟಿದ್ರೆ ಏನಾಗ್ತಿತ್ತು ಹೇಳು? ಅಪ್ಪನ ಮನೇಲೇ ಇರ್ತಿದ್ದೆ, ಅಷ್ಟೇ ತಾನೆ?"

ಸಣ್ಣಯ್ಯ ಗೋಡೆಯ ಕಡೆ ಮುಖ ತಿರುಗಿಸಿದ. ನಾನು ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದೆ. ದೇವೀರಮ್ಮ ನನ್ನತ್ತ ಒಮ್ಮೆ ನೋಡಿದಳು, ನಾನು ಬಾಯಿ ಮುಚ್ಚಿದೆ.

"ಅಷ್ಟೇ ಕಣವ್ವ, ಇನ್ನೇನಿಲ್ಲ," ಎಂದು ಆಕೆ ಎರಡು ಕೈ ಚಾಚಿ ಮಗುವನ್ನು ಎತ್ತಿಕೊಂಡಳು. ಅವರಿಗೆ ಊಟಕ್ಕಿಟ್ಟು, ನಿಲ್ದಾಣದವರೆಗೆ ಕುಂಟುತ್ತ ಹೋಗಿ ಬಸ್ಸು ಹತ್ತಿಸಿ ಬಂದಳು.

ಆ ಹುಡುಗಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ, ಮಂಡಿಗೆ ಎಣ್ಣೆ ತಿಕ್ಕುತ್ತ, "ಅವ್ಳಿಗೆ ಗೊತ್ತಾಗ್ದಂಗೆ ಇರ್ಲಿ ಅಂತ್ಲೇ ಅಲ್ವಾ ಮೇಷ್ಟ್ರೆ, ಅಷ್ಟೆಲ್ಲ ಮಾಡಿದ್ದು?" ಎಂದಳು.

ಪರರಿಗಾಗಿ ಹೋರಾಡಿದವರಲ್ಲಿ ಸನ್ಮಾನ ಪಡೆದವರುಂಟು, ಪಡೆಯದೆ ಕಹಿಯಾದವರುಂಟು. ದೇವೀರಮ್ಮನಂಥವರು ಈ ಎರಡು ಗುಂಪಿಗೂ ಸೇರುವುದಿಲ್ಲ. ಅರ್ಧ ದಾರಿಯಲ್ಲಿ ಕೈಹಿಡಿದು ಎತ್ತಿದರೆ, ಬಿದ್ದ ನೋವನ್ನು ಬಲ್ಲವರು ಎತ್ತಿದವರನ್ನು ನೆನೆಯುತ್ತಾರೆ. ಬೀಳದಂತೆಯೇ ತಡೆದವರಿಗೆ ಆ ಭಾಗ್ಯವಿಲ್ಲ. ಏಕೆಂದರೆ ಪೂರ್ತಿಯಾಗಿ ಉಳಿದುಕೊಂಡವರಿಗೆ ತಾವು ಯಾವುದರಿಂದ ಉಳಿದೆವೆಂಬುದು ಎಂದಿಗೂ ತಿಳಿಯುವುದಿಲ್ಲ.