ನೂಲಿನ ಗುಂಟ

ಮೇಜಿಗೆ ಹಾಸಿದ ಹಸಿರು ಬಟ್ಟೆಯ ಅಂಚು ನೇರವಾಗಿಲ್ಲ, ನನ್ನ ಮೊಣಕೈ ಹತ್ತಿರ ಚೂರು ಒಳಗೆ ಹೋಗಿದೆ, ಅಧ್ಯಕ್ಷರ ಕಡೆ ಹೋಗುತ್ತ ಹೋಗುತ್ತ ಹೊಟ್ಟೆ ಬಂದ ಹಾಗೆ ಹೊರಗೆ ಉಬ್ಬಿದೆ, ಕತ್ತರಿಯಲ್ಲಿ ಕತ್ತರಿಸಿದ್ದಾರೆ, ಹರಿದಿದ್ದರೆ ನೇರ ಬರುತ್ತಿತ್ತು — ಇದೆಲ್ಲ ನನಗೆ ಹೇಗೆ ಗೊತ್ತು, ನಾನೇನು ಬಟ್ಟೆ ವ್ಯಾಪಾರಿಯೇ, ವೈದ್ಯ, ತುರ್ತು ವಿಭಾಗದ ವೈದ್ಯ, ನನ್ನ ಮೇಲಿನ ದೂರು ವಿಚಾರಿಸಲು ಮೇಜಿನ ಆಚೆ ಕೂತಿರುವ ಈ ವೈದ್ಯ ಮಂಡಳಿಯ ಮೂವರು ಬೇರೆ ಏನಾದರೂ ಹೇಳುವ ತನಕ ವೈದ್ಯ — ಗೊತ್ತಾದದ್ದು ಅವರಿಂದಲೇ, ಬಟ್ಟೆ ಅಂಗಡಿ ಯಜಮಾನರಿಂದ, ಪರೀಕ್ಷೆಯ ಮಂಚದ ಅಂಚಿಗೆ ಕೂತು ಬೆವರು ಒರೆಸಿಕೊಳ್ಳುತ್ತ ನನಗೇ ಪಾಠ ಮಾಡಿದ್ದರು, ಕತ್ತರಿ ತನ್ನ ಮನಸ್ಸಿಗೆ ಬಂದ ಕಡೆ ಹೋಗುತ್ತೆ ಡಾಕ್ಟ್ರೇ, ನಾವು ಒಂದು ಸಣ್ಣ ಕಚ್ಚು ಹಾಕ್ತೀವಿ ಅಷ್ಟೇ, ಆಮೇಲೆಲ್ಲ ಕೈಯಲ್ಲೇ, ಪರ್ರ್ ಅಂತ, ನೂಲಿನ ಗುಂಟ ಹೋಗುತ್ತೆ, ಒಂದೆಳೆ ಆಚೆ ಈಚೆ ಆಗಲ್ಲ, ಹಂಗೇ ಹರಿದಂಗೆ ಆಯ್ತು ನೋಡಿ ನಂಗೂ, ಇಲ್ಲಿ, ಬೆನ್ನಲ್ಲಿ, ಯಾರೋ ಕಚ್ಚು ಹಾಕಿದಂಗೆ ಆಯ್ತು, ಆಮೇಲೆ ಪರ್ರ್ ಅಂತ ಸೊಂಟದ ತನಕ — ಎರಡು ಮುಷ್ಟಿ, ಎರಡು ಹೆಬ್ಬೆರಳು ಪಕ್ಕಪಕ್ಕ, ಉಗುರಿಗೆ ಉಗುರು ತಾಗಿಸಿ, ಒಂದು ಗಳಿಗೆ ನಿಂತು, ಆಮೇಲೆ ಒಂದು ಕೈ ಆಕಡೆ ಒಂದು ಕೈ ಈಕಡೆ. ಗಿರಾಕಿಯ ಮುಂದೆ ತೋರಿಸುವ ಗತ್ತಿನಲ್ಲೇ ತೋರಿಸಿದರು, ಗತ್ತಿನ ಮನುಷ್ಯ, ನೋವಿನಲ್ಲೂ ಗತ್ತು, ಇಂಜೆಕ್ಷನ್ ಕೊಡುವಾಗ ನರ್ಸಮ್ಮನ ಕೋಟು ಮುಟ್ಟಿ ನೋಡಿ ಇದನ್ನ ಎಲ್ಲಿ ತಗೊಂಡ್ರಿ, ನಿಮಗೆ ಟೋಪಿ ಹಾಕಿದಾರೆ ಅಂದವರು, ನಾನು ನಕ್ಕೆ, ಚೀಟಿಯಲ್ಲಿ ಬರೆದೆ, ಬೆನ್ನು ನೋವು, ಸ್ನಾಯು ಸೆಳೆತ. ಸೆಳೆತ. ಅವರು ಹೇಳಿದ್ದು ಹರಿತ, ಬಟ್ಟೆ ಹರಿಯುವ ಹರಿತ, ನಾನು ಸೆಳೆತ ಎಂದು ಬರೆದೆ, ಪ್ರಾಸ ಮಾತ್ರ ಸರಿಯಾಗಿದೆ — ಥೂ, ಈಗಲೂ ಪ್ರಾಸ, ಇಲ್ಲಿ ಕೂತೂ ಪ್ರಾಸ, ಎದುರಿಗೆ ಅವರ ಹೆಂಡತಿ ಕೂತಿದ್ದಾರೆ, ಬೂದು ಬಣ್ಣದ ಸೀರೆ, ಮಡಿಲಲ್ಲಿ ಕೈಚೀಲ, ಚೀಲದ ಬಾಯನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿ ಹಿಡಿದುಕೊಂಡಿದ್ದಾರೆ, ಒಳಗಿರುವ ಏನೋ ಮಾತಾಡಿಬಿಡುತ್ತದೆ ಎಂಬಂತೆ, ನನ್ನ ನಾಲಿಗೆಯನ್ನು ಹಾಗೆ ಹಿಡಿದುಕೊಳ್ಳುವವರು ಯಾರೂ ಇಲ್ಲ.

ಇದ್ದಾರೆ, ಪಕ್ಕದಲ್ಲೇ ಇದ್ದಾರೆ, ಆಸ್ಪತ್ರೆ ನನಗೆ ಕೊಟ್ಟಿರುವ ವಕೀಲೆ, ವಕೀಲ ಅಂದರೆ ವಾಕ್ಕಿಗೆ ಕೀಲು ಹಾಕುವವರು ಎಂದು ನಾನೇ ಹೇಳಿ ನಗಿಸಿದ್ದೆ, ಅವತ್ತಿನಿಂದ ವೈದ್ಯರ ಕೋಣೆಯಲ್ಲಿ ಅವರಿಗೆ ಕೀಲಮ್ಮ ಅಂತಲೇ ಹೆಸರು, ವರ್ಷಕ್ಕೊಮ್ಮೆ ಬಂದು ನಮಗೆಲ್ಲ ತರಬೇತಿ ಕೊಡುತ್ತಾರೆ, ಪರದೆ ಮೇಲೆ ದೊಡ್ಡ ಅಕ್ಷರ, ಬರೆದಿಲ್ಲ ಅಂದ್ರೆ ನಡೆದಿಲ್ಲ, ಡಾಕ್ಟ್ರೇ ನೆನಪಿಟ್ಕೊಳಿ, ಸಾರಿ ಅನ್ನೋದು ಪದ ಅಲ್ಲ, ಅದು ಸಹಿ, ಹಾಕಿದ್ರೆ ಮುಗೀತು, ಮನೆಯವರು ಅಳ್ತಾ ಇದ್ರೆ ನೀರು ಕೊಡಿ, ಕುರ್ಚಿ ಕೊಡಿ, ವಿವರಣೆ ಮಾತ್ರ ಕೊಡಬೇಡಿ — ಅವರು ಹೋದ ಮೇಲೆ ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ಅವರದೇ ಧ್ವನಿಯಲ್ಲಿ, ಕ್ಷಮೆ ಕೇಳಿದ್ರೆ ಕ್ಷಾಮ ಬರುತ್ತೆ ಡಾಕ್ಟ್ರೇ, ಎಂದಾಗ ಮೂಳೆ ಡಾಕ್ಟರು ಕುರ್ಚಿಯಿಂದ ಬೀಳುವುದೊಂದು ಬಾಕಿ. ಈಗ ಅದೇ ಕೀಲಮ್ಮ ನನ್ನ ಕಿವಿಯ ಹತ್ತಿರ ಬಂದು ಅಂಗೈ ಅಡ್ಡ ಹಿಡಿದು ಪಿಸುಗುಡುತ್ತಿದ್ದಾರೆ, ಅವರು ಏನೇ ಹೇಳಲಿ ಮುಖದಲ್ಲಿ ಏನೂ ತೋರಿಸಬೇಡಿ, ನಿಮ್ಮ ಮುಖ ತುಂಬಾ ಮಾತಾಡುತ್ತೆ. ಹೌದು, ನನ್ನ ಮುಖ ಬಾಡಿಗೆ ಮನೆ, ಯಾರು ಬೇಕಾದರೂ ಬಂದು ಇರುತ್ತಾರೆ. ಹೋದ ವಾರವೇ ಕೂರಿಸಿಕೊಂಡು ಹೇಳಿದ್ದರು, ಒಂದೇ ಒಂದು ಪ್ರಶ್ನೆ ಕಣ್ರೀ, ರೋಗಿ ಹರಿದ ಹಾಗೆ ಅಂತ ಹೇಳಿದ್ರಾ ಇಲ್ವಾ, ಇಡೀ ಕೇಸು ನಿಂತಿರೋದು ಅದರ ಮೇಲೆ, ಹೇಳಿದ್ರು ಅಂದ್ರೆ ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ ಅಂತ ಕೇಳ್ತಾರೆ, ಅದಕ್ಕೆ ಉತ್ತರ ಇಲ್ಲ, ಹೇಳಿಲ್ಲ ಅಂದ್ರೆ ಸುಳ್ಳಾಗುತ್ತೆ, ಸುಳ್ಳು ಹೇಳಿ ಅಂತ ನಾನು ಯಾವತ್ತೂ ಹೇಳಲ್ಲ, ನನಗೆ ನಿರ್ದಿಷ್ಟವಾಗಿ ನೆನಪಿಲ್ಲ ಅನ್ನಿ, ಮೂರೇ ಪದ, ಎಲ್ಲಿ, ಹೇಳಿ ನೋಡೋಣ. ವಾರವೆಲ್ಲ ಅಭ್ಯಾಸ ಮಾಡಿದೆ, ಕನ್ನಡಿ ಮುಂದೆ, ಕಾರಿನಲ್ಲಿ, ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು, ನನಗೆ ನಿರ್ದಿಷ್ಟವಾಗಿ ನೆನಪಿಲ್ಲ, ಒಮ್ಮೆ ದುಃಖದಲ್ಲಿ, ಒಮ್ಮೆ ಗಂಭೀರವಾಗಿ, ಒಮ್ಮೆ ಯೋಚಿಸುತ್ತಿರುವ ಹಾಗೆ, ನಿನ್ನೆ ಬೆಳಿಗ್ಗೆ ಮಗಳು ಹೂದಾನಿ ಒಡೆದಳು, ಯಾರೇ ಒಡೆದಿದ್ದು ಎಂದು ಅವಳಮ್ಮ ಕೂಗಿದರೆ, ಪುಟ್ಟ ಗಲ್ಲ ಎತ್ತಿ, ಕಣ್ಣು ಸ್ವಲ್ಪ ಮುಚ್ಚಿ, ನನ್ನದೇ ಧ್ವನಿ, ನನ್ನದೇ ನಡುವಿನ ನಿಲುಗಡೆ, ನನಗೆ ನಿರ್ದಿಷ್ಟವಾಗಿ ನೆನಪಿಲ್ಲ. ಅವಳಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ ನೋಡಿದಳು, ಚೂರುಗಳನ್ನು ಒಬ್ಬಳೇ ಗುಡಿಸಿದಳು, ಹುಷಾರು, ಕಾಲಿಗೆ ಚುಚ್ಚುತ್ತೆ, ಎಂದಳು, ಮಗಳಿಗೆ ಅಂದಳೋ ನನಗೆ ಅಂದಳೋ.

ನಿರ್ದಿಷ್ಟವಾಗಿ ನೆನಪಿದೆ. ಅನಿರ್ದಿಷ್ಟವಾಗಿ ನೆನಪಿರುವುದು ಬೇರೆ ಎಲ್ಲ, ಅವತ್ತು ಏನು ತಿಂದೆ, ಯಾವ ಅಂಗಿ, ಇದೊಂದು ಮಾತ್ರ ನೂಲು ನೂಲಾಗಿ ನೆನಪಿದೆ, ಯಾಕೆಂದರೆ ನೋಡಿದ್ದಷ್ಟೇ ಅಲ್ಲ, ಮಾಡಿದ್ದೇನೆ — ಅದನ್ನು ಯಾರೂ ಕೇಳುವುದಿಲ್ಲ, ಯಾವ ಅರ್ಜಿಯಲ್ಲೂ ಇಲ್ಲ, ಕೀಲಮ್ಮನಿಗೂ ಗೊತ್ತಿಲ್ಲ — ಚೀಟಿ ಬರೆದುಕೊಟ್ಟು, ಕೆಳಗೆ ಹೋಗಿ ಮಾತ್ರೆ ತಗೊಳ್ಳಿ ಯಜಮಾನ್ರೇ, ಒಂದೆರಡು ದಿನ ಭಾರ ಎತ್ತಬೇಡಿ ಎಂದು ಕಳಿಸಿ, ಸೀದಾ ಕ್ಯಾಂಟೀನಿಗೆ ಹೋದೆ, ಮಧ್ಯಾಹ್ನದ ಕಾಫಿ, ಕಿಟಕಿ ಪಕ್ಕದ ಮೇಜು, ಮೂಳೆ ಡಾಕ್ಟರು ಇದ್ದರು, ಹೃದಯದ ಡಾಕ್ಟರು ಇದ್ದರು, ಏನಯ್ಯಾ ಇವತ್ತು ಯಾರು ಸಿಕ್ಕಿದ್ರು, ಒಂದು ಐಟಂ ಬಿಡು ಎಂದರು, ನಾನು ಬಿಟ್ಟೆ. ಕುರ್ಚಿಯ ತುದಿಗೆ ಜಾರಿ ಕೂತೆ, ಹೊಟ್ಟೆ ಮುಂದೆ ಬಿಟ್ಟೆ, ಹಣೆ ಒರೆಸಿಕೊಂಡೆ, ಕತ್ತರಿ ಮನಸ್ಸಿಗೆ ಬಂದ ಕಡೆ ಹೋಗುತ್ತೆ ಡಾಕ್ಟ್ರೇ, ಆ ಎಳೆತ, ಆ ಮೂಗು, ಪರ್ರ್ ಅಂತ, ಎರಡು ಹೆಬ್ಬೆರಳು ಪಕ್ಕಪಕ್ಕ, ಉಗುರಿಗೆ ಉಗುರು, ನೂಲಿನ ಗುಂಟ, ಬೆನ್ನಿನಿಂದ ಸೊಂಟದ ತನಕ, ಹೃದಯದ ಡಾಕ್ಟರು ನಕ್ಕು ನಕ್ಕು ಕಾಫಿ ಮೂಗಿಗೆ ಹತ್ತಿ ಕೆಮ್ಮಿದರು, ಇನ್ನೊಂದ್ಸಲ, ಇನ್ನೊಂದ್ಸಲ ಮಾಡೋ, ಆ ಪರ್ರ್ ಇನ್ನೊಂದ್ಸಲ. ಇನ್ನೊಂದು ಸಲ ಮಾಡಿದೆ. ಓದುವಾಗ ಎಲ್ಲರೂ ಬಾಯಿಪಾಠ ಮಾಡಿದ ಸಾಲು, ಥಟ್ಟನೆ ಶುರುವಾಗುವ, ಹರಿದಂಥ, ಬೆನ್ನಿನಲ್ಲಿ ಕೆಳಗೆ ಇಳಿಯುವ ನೋವು, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳುತ್ತಿದೆ ಎಂದು ತಿಳಿಯತಕ್ಕದ್ದು, ತಡಮಾಡತಕ್ಕದ್ದಲ್ಲ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು, ಆ ಸಾಲು ಹೊಟ್ಟೆ ಬಿಟ್ಟುಕೊಂಡು ಬೆವರುತ್ತ ನಮ್ಮ ಮೇಜಿನ ಮೇಲೆ ಕುಣಿಯಿತು, ಎರಡು ಸಲ ಕುಣಿಯಿತು, ನಾವು ಚಪ್ಪಾಳೆ ತಟ್ಟಿದೆವು. ಆಗ ಅವರು ಇನ್ನೂ ಕೆಳಗೇ ಇದ್ದರು, ಔಷಧಿ ಅಂಗಡಿಯ ಸಾಲಿನಲ್ಲಿ, ಕ್ಯಾಂಟೀನಿನ ಕಿಟಕಿಯಿಂದ ಬಗ್ಗಿದರೆ ಕಾಣುತ್ತದೆ, ಕಂಡಿತು, ನಾನು ನೋಡಿದೆ, ಸಾಲಿನಲ್ಲಿ ಮುಂದಿದ್ದವನ ಅಂಗಿಯ ಹೊಲಿಗೆ ಬಗ್ಗೆ ಏನೋ ಹೇಳುತ್ತಿದ್ದರು, ಹೆಂಡತಿ ಬಿಡ್ರೀ ಸಾಕು ಎಂದು ತೋಳು ಎಳೆಯುತ್ತಿದ್ದರು, ಅಗೋ ನೋಡಿ ಐಟಂ ಅಲ್ಲೇ ಇದೆ ಎಂದು ಬೆರಳು ತೋರಿಸಿದೆ, ಮೂಳೆ ಡಾಕ್ಟರು ಎದ್ದು ಬಂದು ನೋಡಿದರು, ಒಂದು ಕೂಗು ಹಾಕಿದ್ದರೆ ಕೇಳುತ್ತಿತ್ತು, ಯಜಮಾನ್ರೇ, ಸ್ವಲ್ಪ ಮೇಲೆ ಬನ್ನಿ. ಸಂಜೆ ಅಂಗಡಿಯ ಬಾಗಿಲು ಎಳೆಯಲು ಬಗ್ಗಿದವರು ಏಳಲಿಲ್ಲ. ಹೆಣ ಕೊಯ್ದು ನೋಡಿದ ಡಾಕ್ಟರು ಬರೆದರು, ಸೀಳು ನೇರವಾಗಿತ್ತು, ಎದೆಯಿಂದ ಹೊಟ್ಟೆಯ ತನಕ, ನೇರವಾಗಿತ್ತು ಎಂದು ಯಾಕೆ ಬರೆದರೋ, ಆ ಪದ ಬೇಕಿರಲಿಲ್ಲ. ಹೃದಯದ ಡಾಕ್ಟರು ಅವತ್ತಿನಿಂದ ಕಾಫಿಯನ್ನು ತಮ್ಮ ಕೋಣೆಗೇ ತರಿಸಿಕೊಳ್ಳುತ್ತಾರೆ.

ಅಮ್ಮಾ, ನೀವು ಹೇಳಿ — ಅಧ್ಯಕ್ಷರು, ಮುದಿ ಶಸ್ತ್ರವೈದ್ಯರು, ಗಂಟಲಲ್ಲಿ ಬೀಗದ ಕೈ ಗೊಂಚಲು ಅಲ್ಲಾಡಿಸಿದ ಹಾಗೆ ಮಾತು, ಮನೆಗೆ ಹೋಗಿ ಮಾಡಿದರೆ ಮಗಳು ನಗುತ್ತಾಳೆ, ಬೇಡ, ಮಾಡಬಾರದು — ನಿಮ್ಮ ಯಜಮಾನರು ಡಾಕ್ಟರ ಹತ್ತಿರ ಯಾವ ಪದ ಬಳಸಿದ್ರು, ಜ್ಞಾಪಿಸಿಕೊಂಡು ಹೇಳಿ. ಆಕೆ ಚೀಲ ಬಿಡಲಿಲ್ಲ, ಹರಿದಂಗೆ ಆಯ್ತು ಅಂದ್ರು ಸಾರ್. ಅಷ್ಟೇನಾ. ಅಷ್ಟೇ ಅಲ್ಲ ಸಾರ್, ಬಟ್ಟೆ ಹರಿಯೋ ಥರ, ಕೈಯಲ್ಲಿ ತೋರಿಸಿದ್ರು, ಡಾಕ್ಟ್ರಿಗೇ ತೋರಿಸಿದ್ರು, ಅವರು ನೋಡಿದ್ರು, ನಕ್ಕರು ಕೂಡ. ಕೀಲಮ್ಮ ಎದ್ದರು, ಮೃದುವಾಗಿ, ಎಷ್ಟು ಮೃದುವೆಂದರೆ ಬ್ಲೇಡಿಗೆ ಹತ್ತಿ ಸುತ್ತಿದ ಹಾಗೆ, ಅಮ್ಮಾ, ನಿಮ್ಮ ದುಃಖ ನಮಗೆ ಅರ್ಥ ಆಗುತ್ತೆ, ಈ ಹರಿದಂಗೆ ಅನ್ನೋ ಪದ, ಅವರು ಹೋದ ಮೇಲೆ ಕಾಯಿಲೆ ಬಗ್ಗೆ ಎಲ್ಲಾದ್ರೂ ಓದಿದ್ರಾ, ಫೋನಲ್ಲಿ, ಯಾರಾದ್ರೂ ಹೇಳಿಕೊಟ್ಟರಾ. ಓದಿದೆ, ಆಮೇಲೆ ಓದಿದೆ, ಆದ್ರೆ ಅವರು ಹೇಳಿದ್ದು ಮೊದಲೇ. ಸರಿ, ಹಾಗಾದ್ರೆ ಅವರು ತೋರಿಸಿದ ಹಾಗೇ ಒಂದ್ಸಲ ತೋರಿಸಿ. ಆಕೆ ಚೀಲ ಕೆಳಗಿಟ್ಟರು. ಕೈ ಎತ್ತಿದರು, ಗಾಳಿಯಲ್ಲಿ ಹುಡುಕಿದರು, ಎರಡೂ ಕೈ ದೂರ ದೂರ ಹಿಡಿದು ಕಿಟಕಿಯ ಪರದೆ ಸರಿಸುವ ಹಾಗೆ ಸರಿಸಿದರು — ಅಲ್ಲ, ತಪ್ಪು, ಹಾಗಲ್ಲ, ಹೆಬ್ಬೆರಳು ಪಕ್ಕಪಕ್ಕ ಇರಬೇಕು — ನನಗೆ ಮೊದಲು ಬಂದ ಯೋಚನೆ ಇದು, ಅಯ್ಯೋ ಪಾಪ ಅಲ್ಲ, ನನ್ನಿಂದಾಯಿತಲ್ಲ ಎಂದೂ ಅಲ್ಲ, ಚೆನ್ನಾಗಿ ಮಾಡುತ್ತಿಲ್ಲ ಎಂದು, ರಂಗದಲ್ಲಿ ಜೊತೆಯವರು ತಪ್ಪಿದರೆ ಆಗುವ ಅದೇ ಚಡಪಡಿಕೆ, ನಾನಾಗಿದ್ದರೆ ಹೀಗಲ್ಲ — ಆಕೆಗೇ ತಪ್ಪೆಂದು ಗೊತ್ತಾಯಿತು, ಕೈ ತಿರುಗಿಸಿ ನೋಡಿಕೊಂಡರು, ಮತ್ತೆ ಪರದೆಯೇ ಸರಿಯಿತು, ಕೈ ಇಳಿಸಿದರು, ನಂಗೆ ಬರಲ್ಲ ಸಾರ್, ಅಂಗಡಿಯಲ್ಲಿ ಹರಿಯೋದು ಅವರೇ, ನನ್ನ ಕೈಲಿ ಕೊಟ್ರೆ ಬಟ್ಟೆ ಹಾಳು ಮಾಡ್ತೀಯ ಅಂತಿದ್ರು. ಮಂಡಳಿಯ ಕಿರಿಯ ಸದಸ್ಯರು ಪೆನ್ನು ಮುಚ್ಚಿದರು, ಟಕ್ ಎಂದಿತು, ಆ ಟಕ್‌ನಲ್ಲಿ ಆಕೆ ಸುಳ್ಳಾದರು. ಮನೆಯವರಿಗೆ ಹಣದಾಸೆ ಎಂದು ನಾಳೆ ವೈದ್ಯರ ಕೋಣೆಯಲ್ಲಿ ಹೇಳುತ್ತಾರೆ, ನಿರ್ಲಕ್ಷ್ಯಕ್ಕೆ ಎಷ್ಟು ಲಕ್ಷ ಎಂಬ ಮಾತನ್ನು ಕಟ್ಟಿಕೊಟ್ಟವನು ನಾನೇ, ಎಲ್ಲರ ಬಾಯಲ್ಲೂ ಓಡಾಡುತ್ತಿದೆ. ಆಕೆ ಬಗ್ಗಿ ಚೀಲ ಎತ್ತಿಕೊಂಡರು, ಮತ್ತೆ ಬಾಯಿ ಮುಚ್ಚಿ ಹಿಡಿದರು, ಕಿವಿ ಕೆಂಪಗಾಗಿದೆ, ನಾಚಿಕೆ, ಆಕೆಗೆ ನಾಚಿಕೆ, ಗಂಡನ ಕೈ ತನಗೆ ಬರಲಿಲ್ಲವಲ್ಲ ಎಂದು, ಅಷ್ಟು ವರ್ಷ ಎದುರಿಗಿದ್ದ ಕೈ, ನನಗೆ ಒಂದೇ ಸಲಕ್ಕೆ ಬಂತು, ನನ್ನ ಹತ್ತಿರವೇ ಇದೆ, ಇಲ್ಲಿ, ಮೇಜಿನ ಕೆಳಗೆ, ತೊಡೆಯ ಮೇಲೆ, ಆಕೆ ಪಡುತ್ತಿರುವ ನಾಚಿಕೆ ನನ್ನದು, ವಿಳಾಸ ತಪ್ಪಿ ಅಲ್ಲಿಗೆ ಹೋಗಿದೆ.

ಡಾಕ್ಟ್ರೇ. ಸಾರ್. ಅಧ್ಯಕ್ಷರು ಈಗ ನನ್ನ ಕಡೆ ತಿರುಗಿದ್ದಾರೆ, ರೋಗಿ ಹರಿದ ಹಾಗೆ ಅಂತ ಹೇಳಿದ್ರಾ, ಕೈಯಲ್ಲಿ ತೋರಿಸಿದ್ರಾ. ಕೀಲಮ್ಮನ ಕಾಲು ನನ್ನ ಕಾಲನ್ನು ಮೆಲ್ಲಗೆ ಒತ್ತಿತು, ಬ್ರೇಕೋ, ವೇಗವೋ, ಎದ್ದು ನಿಂತು ಮಾಡಿಬಿಡಲೇ, ಇಲ್ಲೇ, ಹೊಟ್ಟೆ ಮುಂದೆ ಬಿಟ್ಟು, ಕತ್ತರಿ ಮನಸ್ಸಿಗೆ ಬಂದ ಕಡೆ ಹೋಗುತ್ತೆ ಸಾರ್, ನೋಡಿ ಹೀಗೆ, ಆಕೆ ಹೇಳಿದ್ದು ಸರಿ, ತೋರಿಸಿದ್ದು ತಪ್ಪು, ಹೀಗಿತ್ತು, ನಕ್ಕಿದ್ದೂ ನಿಜ, ಇಷ್ಟು ಮಾಡಿದರೆ ಸಾಕು, ಆಮೇಲೆ ನಾನು ವೈದ್ಯನಲ್ಲ, ಮಗಳ ಶಾಲೆ, ಮನೆಯ ಸಾಲ, ಅವಳಮ್ಮನ ಮುಖ, ಹೃದಯದ ಡಾಕ್ಟರನ್ನೂ ಕರೆಸುತ್ತಾರೆ, ನೀವು ಯಾಕೆ ನಕ್ಕಿರಿ, ಮಾಡಿಬಿಡು, ಎಲ್ಲ ಕಡೆ ಮಾಡಿದ್ದೀ, ಬೇಡವಾದ ಕಡೆಯೆಲ್ಲ ಮಾಡಿದ್ದೀ, ಬೇಕಾದ ಕಡೆ ಒಂದು ಸಲ — ನನಗೆ ನಿರ್ದಿಷ್ಟವಾಗಿ ನೆನಪಿಲ್ಲ. ಯಾರು ಅಂದದ್ದು, ನಾನೇ, ಎಷ್ಟು ಚೆನ್ನಾಗಿ ಬಂತು, ಗಲ್ಲ ಸ್ವಲ್ಪ ಮೇಲೆ, ನಡುವೆ ನಿಲುಗಡೆ, ಇದು ನನ್ನ ಧ್ವನಿಯಲ್ಲ, ಮಗಳು ಮಾಡಿದ ನನ್ನ ಧ್ವನಿ, ಮಗಳನ್ನು ನೋಡಿ ನಾನು ಮಾಡಿದ್ದೇನೆ. ಕೀಲಮ್ಮನ ಕಾಲು ಹಿಂದೆ ಸರಿಯಿತು. ಅಧ್ಯಕ್ಷರು ಬರೆದುಕೊಳ್ಳಲು ತಲೆ ಬಗ್ಗಿಸಿದರು, ಮೂವರೂ ತಲೆ ಬಗ್ಗಿಸಿದರು, ಮುಗಿಯಿತು, ಉಳಿಯಿತು ಕೋಟು — ಆಕೆ ಮಾತ್ರ ಬಗ್ಗಿಸಲಿಲ್ಲ, ಬೈಯಲಿ, ಅಳಲಿ, ಸುಳ್ಳ ಎನ್ನಲಿ, ಏನೂ ಇಲ್ಲ, ನನ್ನ ಮುಖವನ್ನೂ ನೋಡುತ್ತಿಲ್ಲ, ಕೆಳಗೆ, ಮೇಜಿನ ಮೇಲೆ, ಏನದು ನೋಡುತ್ತಿರುವುದು, ಆಕೆಯ ಮುಖ ಸಡಿಲವಾಗುತ್ತಿದೆ, ತಡವಾಗಿ ಮನೆಗೆ ಬಂದವರನ್ನು ಬಾಗಿಲಲ್ಲಿ ಕಂಡ ಹಾಗೆ, ಬಯ್ಯಬೇಕು ಎಂದುಕೊಂಡದ್ದು ಮರೆತ ಹಾಗೆ, ತುಟಿ ಅಲ್ಲಾಡಿತು, ಹೀಗೇ, ಎಂದಿತೇ — ನನ್ನ ಕೈ, ತೊಡೆಯ ಮೇಲಿದ್ದ ಕೈ, ಯಾವಾಗ ಮೇಲೆ ಬಂದವು, ಹಸಿರು ಬಟ್ಟೆಯ ಅಂಚನ್ನು ಹಿಡಿದಿವೆ, ಬಿಡು, ಬಿಡು ಎಂದರೆ ಬಿಡುತ್ತಿಲ್ಲ, ಇವು ನನ್ನವಲ್ಲ, ಎರಡು ಮುಷ್ಟಿ, ಎರಡು ಹೆಬ್ಬೆರಳು ಪಕ್ಕಪಕ್ಕ, ಉಗುರಿಗೆ ಉಗುರು ತಾಗಿಸಿ, ಒಂದು ಗಳಿಗೆ ನಿಂತು —