ನಡುವೆ ನಿಂತ ಹೆಜ್ಜೆ

ಅಭ್ಯಾಸದ ಕೋಣೆ ಇದ್ದದ್ದು ಮೇಲಂತಸ್ತಿನಲ್ಲಿ. ಅಲ್ಲಿಗೆ ಹತ್ತುವ ಮರದ ಮೆಟ್ಟಿಲು ಯಾರ ಗುಟ್ಟನ್ನೂ ಕಾಯುವಂಥದ್ದಲ್ಲ. ಪಿಯಾನೊ ಮಾಸ್ತರು ಬಂದರೆ ಅವರ ಕೆಮ್ಮಿಗೆ ತಾಳ ಹಾಕಿದಂತೆ ಕಿರ್ರೆನ್ನುತ್ತಿತ್ತು. ಕುಣಿಯುವ ಹುಡುಗಿಯರು ಬಂದರೆ ಪಟಪಟನೆ ಸದ್ದು ಮಾಡುತ್ತಿತ್ತು. ಇವೆರಡೂ ಅಲ್ಲದ ಇನ್ನೊಂದು ಸದ್ದು ಇತ್ತು. ಎರಡು ಹೆಜ್ಜೆ, ಒಂದು ತಡೆ, ಆಮೇಲೆ ತಡವಾಗಿ ಬೀಳುವ ಮತ್ತೊಂದು ಹೆಜ್ಜೆ. ಅದು ನಿರ್ದೇಶಕಿಗೆ ಮಾತ್ರ ಕೇಳುತ್ತಿತ್ತು. ಕೇಳಿದಾಗಲೆಲ್ಲ ಮಾತು ಅರ್ಧಕ್ಕೆ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ಯಾರೂ ಒಳಗೆ ಬರುತ್ತಿರಲಿಲ್ಲ. ಹಾಗೆ ನಡೆಯುತ್ತಿದ್ದವಳು ಅವಳ ತಂಗಿ, ಮತ್ತು ತಂಗಿ ತೀರಿಕೊಂಡು ವರ್ಷವಾಗಿತ್ತು.

ಒಮ್ಮೆ ಬಡಗಿಯನ್ನು ಕರೆಸಿದಳು. ಅವನು ಒಂದೊಂದೇ ಹಲಗೆಯನ್ನು ಬಡಿದು ನೋಡಿ, "ಮೆಟ್ಟಿಲು ಕಲ್ಲಿದ್ದಂಗಿದೆ ಮೇಡಂ. ನೀವೂ ನಾನೂ ಹೋದ್ಮೇಲೂ ಇರುತ್ತೆ" ಅಂದ. ಅವನೇನೋ ಧೈರ್ಯ ಹೇಳಿದ್ದು. ಆ ಸದ್ದೂ ಇರುತ್ತೆ ಅಂದಂತೆ ಅವಳಿಗೆ ಕೇಳಿಸಿತು. ಆಮೇಲೆ ದಪ್ಪ ಜಮಖಾನೆ ಹಾಸಿಸಿದಳು. ಹುಡುಗಿಯರ ಸದ್ದು ಅಡಗಿತು, ಮಾಸ್ತರ ಸದ್ದೂ ಅಡಗಿತು. ಅಡಗದೆ ಉಳಿದದ್ದು ಅದೊಂದೇ.

ಎದುರಿಗೆ ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ಚಾಟಿ. ಹೆಸರು ಸುಮ್ಮನೆ ಬಂದದ್ದಲ್ಲ. ಹಾಡು ಕುಣಿತದ ನಾಟಕಗಳನ್ನು ಕಟ್ಟುತ್ತಲೇ ತಲೆ ಬೆಳ್ಳಗಾದ ಹೆಂಗಸು ಅವಳು. ಜ್ವರ ಅಂದರೆ ನಂಬುತ್ತಿರಲಿಲ್ಲ, ಅತ್ತರೆ ಅಳು ಮುಗಿಯುವ ತನಕ ಕಾದು ಮತ್ತೆ ಮೊದಲಿಂದ ಕುಣಿಸುತ್ತಿದ್ದಳು. ಅವಳ ಕೈಯಲ್ಲಿ ಪಳಗಿದವರು ಬೇರೆಲ್ಲಿ ಹೋದರೂ ಗೆಲ್ಲುತ್ತಿದ್ದರು ಅನ್ನುವುದೂ ನಿಜ. ಇಂಥವಳು ಒಂದು ಸದ್ದಿಗೆ ಬೆವರುತ್ತಾಳೆ ಎಂದು ಹೇಳಿದ್ದರೆ ತಂಡದವರು ಬಿದ್ದು ಬಿದ್ದು ನಗುತ್ತಿದ್ದರು.

ಎಷ್ಟೋ ನಾಟಕ ಕಟ್ಟಿದ್ದರೂ ಜನ ಅವಳನ್ನು ನೆನೆಯುತ್ತಿದ್ದದ್ದು ಮೊದಲನೆಯದರಿಂದ. ಅದರ ಹೆಸರು 'ಕೊನೆಯ ಹಡಗು'. ಬಂದರಿನಲ್ಲಿ ಹಗ್ಗ ಹೊಸೆಯುವ ಹೆಂಗಸೊಬ್ಬಳು ಮನೆಯವರ ಕಣ್ಣು ತಪ್ಪಿಸಿ, ಹೊರಡುತ್ತಿರುವ ಹಡಗಿನತ್ತ ಓಡುವ ಕಥೆ. ಆ ಓಟವೇ ಕೊನೆಯ ನೃತ್ಯ. ಓಟದ ನಟ್ಟನಡುವೆ ಅವಳು ಇದ್ದಕ್ಕಿದ್ದಂತೆ ನಿಲ್ಲುತ್ತಾಳೆ. ಎಡಗಾಲಿನ ಮೇಲೆ ಭಾರ, ಬಲಗಾಲಿನ ಹಿಮ್ಮಡಿ ನೆಲ ಬಿಟ್ಟು ಎದ್ದಿದೆ, ಬಾಯಿ ಅರ್ಧ ತೆರೆದಿದೆ. ಸಂಗೀತವೂ ನಿಲ್ಲುತ್ತದೆ. ಆಮೇಲೆ ಮತ್ತೆ ಓಟ. ಪ್ರೇಕ್ಷಕರು ಉಸಿರು ಹಿಡಿಯುತ್ತಿದ್ದರು. ವಿಮರ್ಶಕರಂತೂ ಕೇಳಲೇಬೇಡಿ. ಹೆಣ್ಣಿನ ಅಷ್ಟೂ ವರ್ಷಗಳ ಅಳುಕು ಆ ಒಂದು ಗಳಿಗೆಯಲ್ಲಿದೆ ಎಂದು ಒಬ್ಬ ಬರೆದ. ಹಿಂದೆ ಬಿಟ್ಟ ಮನೆ ಅವಳ ಸೆರಗು ಹಿಡಿದು ಜಗ್ಗುತ್ತಿದೆ ಎಂದು ಇನ್ನೊಬ್ಬ ಬರೆದ. ಪೋಸ್ಟರಿನ ಮೇಲೆ ಅದೇ ಚಿತ್ರ ಬಂತು. ಬೇರೆ ಬೇರೆ ತಂಡಗಳು ಆ ನಾಟಕ ಆಡಿದವು. ಒಬ್ಬ ನರ್ತಕಿ ಇನ್ನೊಬ್ಬಳಿಗೆ, ಅವಳು ಮತ್ತೊಬ್ಬಳಿಗೆ ಆ ತಡೆಯನ್ನು ಕಣ್ಣಿಗೊತ್ತಿಕೊಂಡು ಕಲಿಸಿದರು.

ಅದು ಕಾಲುನೋವು ಅಷ್ಟೆ, ಬೇರೇನೂ ಅಲ್ಲ.

ಮೊದಲ ಪ್ರದರ್ಶನದ ಹಿಂದಿನ ದಿನ, ಹಗ್ಗ ಹೊಸೆಯುವವಳ ಪಾತ್ರ ಮಾಡುತ್ತಿದ್ದ ತಂಗಿಯ ಎಡಗಾಲು ಉಳುಕಿತ್ತು. ಮನೆಯಲ್ಲಿ ಅವಳನ್ನು ಪುಟ್ಟಿ ಅನ್ನುತ್ತಿದ್ದರು. ಅಕ್ಕ ರಂಗದ ಮೇಲೂ ಹಾಗೇ ಕರೆಯುತ್ತಿದ್ದಳು. ಪಾತ್ರ ಗೊತ್ತಿದ್ದ ಇನ್ನೊಬ್ಬ ಹುಡುಗಿ ಇದ್ದಳು. ಆದರೆ ಅವಳು ಕುಣಿದರೆ ನಾಟಕ ಪರವಾಗಿಲ್ಲ ಅನ್ನಿಸಿಕೊಳ್ಳುತ್ತಿತ್ತು, ಅಕ್ಕನಿಗೆ ಬೇಕಾಗಿದ್ದದ್ದು ಅದಲ್ಲ. ಬಾತುಕೊಂಡ ಕಾಲಿಗೆ ತಾನೇ ಪಟ್ಟಿ ಬಿಗಿದು, "ಇವತ್ತೊಂದು ದಿನ ಪುಟ್ಟಿ" ಅಂದಳು. ಕೊನೆಯ ಓಟದಲ್ಲಿ ಕಾಲು ಕೈಕೊಟ್ಟಿತು. ಪುಟ್ಟಿ ನಿಂತುಬಿಟ್ಟಳು. ಪಿಯಾನೊ ಮಾಸ್ತರು, ಆಗಿನ್ನೂ ಹುಡುಗು ಮುಖದವರು, ಗಾಬರಿಯಾಗಿ ಕೈ ಎತ್ತಿಬಿಟ್ಟರು. ಪರದೆಯ ಮರೆಯಲ್ಲಿ ನಿಂತಿದ್ದ ಅಕ್ಕ ಹಲ್ಲು ಕಚ್ಚಿಕೊಂಡು, "ನಿಲ್ಲಬೇಡ ಕಣೇ, ಓಡು" ಎಂದು ಗದರಿದಳು. ಪುಟ್ಟಿ ಓಡಿದಳು. ಚಪ್ಪಾಳೆಗೆ ಸೂರು ಹಾರಿಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ಯಾರ ಮನೆಯಲ್ಲೂ ಆಗುವಂಥದ್ದು ಅಂದುಕೊಂಡು ಬಿಡಬಹುದಿತ್ತು. ಮರುದಿನ ಅಕ್ಕ ಬಂದು, "ನಿನ್ನೆ ನಿಂತಂತೆಯೇ ನಿಲ್ಲು, ಅದೇ ಕಾಲಿನ ಮೇಲೆ" ಅಂದಳು. ಆ ಹಂಗಾಮು ಪೂರ್ತಿ ಪುಟ್ಟಿ ದಿನಾ ಆ ಕಾಲಿನ ಮೇಲೇ ನಿಂತಳು. ಹಂಗಾಮು ಮುಗಿಯುವ ಹೊತ್ತಿಗೆ ಅಕ್ಕನಿಗೆ ಹೆಸರು ಬಂದಿತ್ತು, ತಂಗಿಗೆ ಕುಂಟು. ಮತ್ತೆಂದೂ ಅವಳು ರಂಗ ಹತ್ತಲಿಲ್ಲ. ಮದುವೆಯಾದಳು, ಮಗಳನ್ನು ಹೆತ್ತಳು, ಅಕ್ಕನ ಪ್ರತಿ ನಾಟಕಕ್ಕೂ ಬಂದು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ಚಹಾ ಕುಡಿದು, ಮೆಟ್ಟಿಲಿಳಿದು ಹೋಗುತ್ತಿದ್ದಳು. ಎರಡು ಹೆಜ್ಜೆ, ಒಂದು ತಡೆ. ಬೈದಿದ್ದರೆ ಅಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ಆ ಅವಕಾಶವನ್ನೂ ಕೊಡದೆ ಹೋದಳಲ್ಲ ಎಂದು ಅವಳಿಗೆ ಸಿಟ್ಟೂ ಇತ್ತು.

ಈಗ ದೊಡ್ಡ ರಂಗಮಂದಿರದ ಯಜಮಾನರು 'ಕೊನೆಯ ಹಡಗ'ನ್ನು ಮತ್ತೆ ಆಡಿಸಬೇಕೆಂದು ಹಿಡಿದಿದ್ದರು. ಇದಾದ ಮೇಲೆ ಕೆಲಸ ಸಾಕು ಎಂದು ನಿರ್ದೇಶಕಿ ಒಪ್ಪಿದ್ದಳು. ಮುಖ್ಯ ಪಾತ್ರಕ್ಕೆ ಹುಡುಗಿಯರನ್ನು ನೋಡುವ ದಿನ ಸಾಲಿನ ಕೊನೆಯಲ್ಲಿ ಪುಟ್ಟಿಯ ಮಗಳು ನಿಂತಿದ್ದಳು. ಹೇಳಿರಲಿಲ್ಲ, ಕೇಳಿರಲಿಲ್ಲ. ದೊಡ್ಡಮ್ಮನೆಂಬ ಸಲಿಗೆ ತೋರಿಸದೆ ಸುಮ್ಮನೆ ಕುಣಿದು ಬದಿಗೆ ಸರಿದಳು. ಅವಳಿಗಿಂತ ಚೆನ್ನಾಗಿ ಯಾರೂ ಕುಣಿಯಲಿಲ್ಲ. ಬೇಡ ಅನ್ನಲು ದೊಡ್ಡಮ್ಮನ ಬಾಯಿಗೆ ಒಂದು ನೆಪವೂ ಸಿಗಲಿಲ್ಲ.

ಕೊನೆಯ ಓಟದ ಅಭ್ಯಾಸ ಶುರುವಾದ ಬೆಳಿಗ್ಗೆ ಕಿಟಕಿಯ ಬಿಸಿಲು ನೆಲದ ಟೇಪಿನ ಗುರುತುಗಳ ಮೇಲೆ ಬಿದ್ದಿತ್ತು. ಮಾಸ್ತರು ನುಡಿಸುತ್ತ ಬಂದು ಆ ಜಾಗದಲ್ಲಿ ವಾಡಿಕೆಯಂತೆ ಕೈ ಎತ್ತಿದರು. ಹುಡುಗಿ ನಿಲ್ಲಲಿಲ್ಲ. ಖಾಲಿ ಮೌನದೊಳಗೆ ಓಡಿ ಗೋಡೆ ಮುಟ್ಟಿದಳು.

"ನಿಲ್ಲೋದು ಮರೆತೆ. ಇನ್ನೊಂದ್ಸಲ" ಅಂದಳು ನಿರ್ದೇಶಕಿ.

ಇನ್ನೊಂದು ಸಲವೂ ಅದೇ ಆಯಿತು. ತಂಡದ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಾಟಿಯ ಎದುರು ಹೀಗೆ ಮಾಡಿ ಉಳಿದವರಿರಲಿಲ್ಲ. ನಿರ್ದೇಶಕಿ ಎದ್ದು ಬಂದು ಹುಡುಗಿಯ ಭುಜ ಹಿಡಿದು ಆ ಗುರುತಿನ ಮೇಲೆ ನಿಲ್ಲಿಸಿದಳು.

"ಇಲ್ಲಿ. ಎಡಗಾಲಿನ ಮೇಲೆ ಪೂರ್ತಿ ಭಾರ ಹಾಕು."

"ದೊಡ್ಡಮ್ಮ, ಅಮ್ಮ ಇಲ್ಲಿ ನಿಲ್ತಿರಲಿಲ್ಲ."

"ನಿಲ್ತಿದ್ಲು. ನಿಲ್ಲಿಸಿದವಳೇ ನಾನು."

"ಸ್ಟೇಜ್ ಮೇಲೆ ನಿಲ್ತಿದ್ಲು. ಮನೇಲಿ ಕಲಿಸುವಾಗ ನಿಲ್ಲೋಕೆ ಬಿಡ್ತಿರಲಿಲ್ಲ. ಅಡುಗೆಮನೆ ಮೇಜು ಬದಿಗೆ ತಳ್ಳಿ, ಈ ಜಾಗ ಬಂದಾಗ ನನ್ನ ಸೊಂಟಕ್ಕೆ ಕೈ ಕೊಟ್ಟು ದಾಟಿಸಿಬಿಡ್ತಿದ್ಲು."

ನಿರ್ದೇಶಕಿ ಅವಳ ಭುಜದಿಂದ ಕೈ ತೆಗೆದಳು. ಕೇಳಬಾರದೆಂದುಕೊಂಡೇ ಕೇಳಿದಳು. "ನನ್ನ ಬಗ್ಗೆ ಏನಂತಿದ್ಲು?"

ಹುಡುಗಿ ಮೂಗಿನ ಬೆವರು ಒರೆಸಿಕೊಂಡಳು. "ಅಕ್ಕ ಮೊದಲು ಕಟ್ಟಿದ್ದು ಹೀಗೆ ಅಂತಿದ್ಲು. ಅಷ್ಟು ಚೆನ್ನಾಗಿ ಅವಳು ಮತ್ತೇನೂ ಕಟ್ಟಿಲ್ಲ, ನನ್ನ ಕಾಲಿನ ದೆಸೆಯಿಂದ ಅದನ್ನ ಯಾರೂ ನೋಡ್ಲೇ ಇಲ್ಲ, ಪಾಪ ಅಂತಿದ್ಲು. ನಾನಾದ್ರೂ ಕಲ್ತಿಟ್ಕೋಬೇಕಂತೆ."

ಪಾಪ ಅಂದಳಂತೆ. ಕಾಲು ಕಳೆದುಕೊಂಡವಳು ಕಾಲು ಹಾಳುಮಾಡಿದವಳನ್ನು ಪಾಪ ಅಂದಳಂತೆ. ನಿರ್ದೇಶಕಿ ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದಳು. ಅದೇ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಎರಡು ಹೆಜ್ಜೆ ಬಿದ್ದವು. ಆಮೇಲೆ ತಡೆ. ಮತ್ತೊಂದು ಹೆಜ್ಜೆ ಬರಲಿಲ್ಲ. ಯಾರೋ ಬಾಗಿಲಾಚೆ ಉಸಿರು ಬಿಗಿಹಿಡಿದು ಉತ್ತರಕ್ಕೆ ಕಾಯುತ್ತಿದ್ದಾರೆ ಅನ್ನಿಸಿತು.

ಪಿಯಾನೊ ಮಾಸ್ತರು ಕೆಮ್ಮಿದರು. ಅವರೊಬ್ಬರೇ ಅವತ್ತಿನ ಸಾಕ್ಷಿ. ಇಷ್ಟು ಕಾಲ ತುಟಿಪಿಟಕ್ಕೆಂದಿರಲಿಲ್ಲ. "ಮೇಡಂ, ಅವತ್ತು ನನ್ನ ಕೈ ನಿಂತಿದ್ದೂ ಕಲೆ ಏನಲ್ಲ, ಹೆದರಿಕೆ. ಆ ಜಾಗಕ್ಕೆ ಮೊದಲು ಬರೆದಿದ್ದ ಸ್ವರ ಇನ್ನೂ ನೆನಪಿದೆ. ನುಡಿಸಲಾ?"

ಅವಳು ಕುರ್ಚಿ ಎಳೆದುಕೊಂಡು ಕೂತಳು. ಮಾಸ್ತರು ನುಡಿಸಿದರು. ಹುಡುಗಿ ಓಡಿದಳು. ಆ ಓಟವನ್ನು ಕಟ್ಟಿದ ಹೆಂಗಸು ಮೊದಲ ಸಲ ಅದನ್ನು ನೋಡುತ್ತ, ಎಲ್ಲರೆದುರು, ಮುಖ ಮುಚ್ಚಿಕೊಳ್ಳದೆ ಅತ್ತಳು.

ಸಂಜೆ ಯಜಮಾನರು ವಿಷಯ ತಿಳಿದು ಓಡೋಡಿ ಬಂದರು. "ಏನ್ ಮೇಡಂ ಇದು? ಜನ ಬರೋದೇ ಆ ನಿಲ್ಲೋದನ್ನ ನೋಡೋಕೆ. ಊರೆಲ್ಲ ಪೋಸ್ಟರ್ ಅಂಟ್ಸಿದೀನಿ. ನಿಮ್ಮ ಹೆಸರಿರೋದೇ ಅದರ ಮೇಲೆ."

"ಹೌದು, ಅದರ ಮೇಲೇ ಇರೋದು" ಅಂದಳು. ಆಮೇಲೆ ತಂಡದ ಕಡೆ ತಿರುಗಿ, ಹೆಜ್ಜೆ ಹೇಳಿಕೊಡುವ ಅದೇ ದನಿಯಲ್ಲಿ ಹೇಳಿದಳು. "ನೀವೆಲ್ಲ ದೊಡ್ಡ ಕಲೆ ಅಂತ ಕಲ್ತಿದ್ದೀರಲ್ಲ, ಅದು ನನ್ನ ತಂಗಿಯ ಕಾಲುನೋವು. ಅವಳು ಒದ್ದಾಡ್ತಿದ್ಲು, ನಾನು ನಿಲ್ಲಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಇನ್ನು ಅದು ಬೇಡ." ಯಜಮಾನರ ಮುಖ ಸಪ್ಪಗಾಯಿತು. ಮಾತಿಗೆ ಬಗ್ಗುವವಳಲ್ಲ ಎಂದು ಅವರಿಗೂ ಗೊತ್ತಿತ್ತು.

ಮೊದಲ ಪ್ರದರ್ಶನ ಮಧ್ಯಾಹ್ನದ್ದು. ನಿರ್ದೇಶಕಿ ಪರದೆಯ ಮರೆಯಲ್ಲಿ, ಅಂದು ಪುಟ್ಟಿಯನ್ನು ಗದರಿದ್ದ ಬದಿಯಲ್ಲೇ ನಿಂತಳು. ಓಟ ಶುರುವಾಯಿತು. ಆ ಜಾಗ ಹತ್ತಿರವಾದಂತೆ ಪ್ರೇಕ್ಷಕರು ಕುರ್ಚಿಯ ತುದಿಗೆ ಸರಿದದ್ದು ಅಲ್ಲಿಂದಲೇ ಕೇಳಿಸಿತು. ಅವಳ ಸ್ವಂತ ಎಡಗಾಲು ಬಿಗಿದುಕೊಂಡಿತು. ಹುಡುಗಿ ಅಲ್ಲಿಗೆ ಬಂದಳು, ದಾಟಿದಳು. ಯಾರೋ ಸೊಂಟಕ್ಕೆ ಕೈ ಕೊಟ್ಟರೇನೋ ಎಂಬಂತೆ ಒಂದಿಷ್ಟು ಮೇಲೆದ್ದು, ಬಾಗಿ, ಹಡಗಿನ ದೀಪದತ್ತ ಹೋಗಿಯೇಬಿಟ್ಟಳು.

ಚಪ್ಪಾಳೆ ತಡವಾಗಿ ಬಂತು, ಅಲ್ಲಲ್ಲಿ ಬಂತು. ಹೊರಬಾಗಿಲ ಬಳಿ ಯಾರೋ, "ಇದ್ದದ್ದೇ ಅದೊಂದು, ಅದನ್ನೂ ತೆಗೆದುಬಿಟ್ರಲ್ಲ" ಎಂದು ಗೊಣಗಿದರು. ಯಜಮಾನರು ಅವಳ ಕಡೆ ನೋಡದೆ ಹೋದರು. ಇನ್ನು ಕೆಲವರು ಮಾತ್ರ ಎದ್ದು ಹೋಗಲು ಮನಸ್ಸಾಗದೆ, ಏನನ್ನು ನೋಡಿದೆವೆಂದು ತಿಳಿಯದವರಂತೆ ಕೂತೇ ಇದ್ದರು. ಅವಳಿಗೆ ಅದು ಸಾಕಾಗಿತ್ತು.

ಎಲ್ಲರೂ ಹೋದ ಮೇಲೆ ಅವಳು ಮುಂದಿನ ಸಾಲಿಗೆ ಬಂದು, ಪುಟ್ಟಿ ಯಾವಾಗಲೂ ಕೂರುತ್ತಿದ್ದ ಮೂಲೆಯ ಕುರ್ಚಿಯಲ್ಲಿ ಕೂತಳು. ಬಾಗಿಲುಗಳು ತೆರೆದಿದ್ದವು. ಹೊರಗಿನ ಬೆಳಕು ಖಾಲಿ ರಂಗದ ಅರ್ಧದವರೆಗೆ ಬಂದಿತ್ತು. ಆಗ ಪರದೆಯ ಒಳಗಿಂದ ಎರಡು ಹೆಜ್ಜೆ ಕೇಳಿದವು.

ಅವಳು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ತಡೆಗಾಗಿ ಕಾದಳು. ತಡೆ ಬರಲಿಲ್ಲ. ಮುಂದಿನ ಹೆಜ್ಜೆ ಕೂಡಲೇ ಬಿತ್ತು, ಅದರ ಹಿಂದೆಯೇ ಇನ್ನೊಂದು. ಹಗುರವಾದ, ಬೇಗಬೇಗನೆ ಬೀಳುವ, ಉಳುಕುವ ಮುಂಚಿನ ಕಾಲಿನ ಹೆಜ್ಜೆಗಳು. ಹಲಗೆಗಳು ನಡುಗಿದವು, ಮೇಲೆ ಯಾರೂ ಇರಲಿಲ್ಲ. ಓಟ ನಡುವಿನ ಗುರುತನ್ನು ದಾಟಿತು. ಅಬ್ಬ, ಸದ್ಯ ಎಂದು ಅವಳ ಎದೆ ಹಗುರಾಯಿತು. ಮರುಗಳಿಗೆಯೇ, ಹೆಜ್ಜೆಗಳು ತನ್ನತ್ತ ಬರುತ್ತಿಲ್ಲ, ಆಚೆ ಬದಿಯ ಬಾಗಿಲತ್ತ ಹೋಗುತ್ತಿವೆ ಎಂದು ತಿಳಿಯಿತು. ಇಷ್ಟು ದಿನ ತನ್ನನ್ನು ಕಾಡಿದ ಆ ಸದ್ದೇ ತನಗೆ ತಂಗಿಯ ಸಂಗವೂ ಆಗಿತ್ತು ಎಂದು ಆಗ ತಿಳಿಯಿತು.

ತಡಬಡಿಸಿ ಎದ್ದು ರಂಗದ ಅಂಚಿಗೆ ಎರಡೂ ಕೈ ಊರಿದಳು.

"ಪುಟ್ಟಿ, ನಿಲ್ಲೇ" ಅಂದಳು. "ಒಂದು ಗಳಿಗೆ ನಿಲ್ಲೇ."

ಹೆಜ್ಜೆಗಳು, ಅವಳು ಮೊದಲು ಕಲಿಸಿದ್ದಂತೆಯೇ, ಎಲ್ಲೂ ನಿಲ್ಲದೆ ಹೊರಟುಹೋದವು.